ಹೊಡೆದಾಟ ಕಣ್ತುಂಬ ಕಾಣಬೇಕು

ಹಾಂಗ್‌ಕಾಂಗ್

ತೀರ್ಥರೂಪ ಅಪ್ಪಯ್ಯನಿಗೆ, ಅಮ್ಮನಿಗೆ,

ನಮಸ್ಕಾರಗಳು. ನಾನಿಲ್ಲಿ ಆರಾಮ. ಸೆಕೆ ನಮ್ಮ ಕುಂದಾಪುರದಷ್ಟೇ, ಬೆವರೂ ಅಷ್ಟೇ. ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ ಇನ್ನೂ ಅರ್ಧ ಉಳಿದಿದೆ, ಹಾಗಾಗಿ ಊಟದ ಚಿಂತೆ ಬೇಡ.

ಮೊನ್ನೆ ಫೋನಿನಲ್ಲಿ ಅಪ್ಪಯ್ಯ ಹೇಳಿದ ಮಾತಿಗೆ ಉತ್ತರ ಬರೆಯಲು ಕೂತಿದ್ದೇನೆ. ಅಕ್ಕನ ಮಗ ರಜೆಗೆ ಬಂದವನು ದಿನವಿಡೀ ಕುಂಗ್‌ಫು ಸಿನಿಮಾ ನೋಡ್ತಾನೆ, ಬರೀ ಹೊಡೆದಾಟ, ಅದರಲ್ಲಿ ನೋಡುವಂಥದ್ದು ಏನಿದೆ ಅಂದ್ರಿ. ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅಪ್ಪಯ್ಯ ಅದು. ನನಗೆ ಆ ಸಿನಿಮಾಗಳೆಂದರೆ ಜೀವ. ಈಗ ಅವು ಹುಟ್ಟಿ ಬೆಳೆದ ಊರಿನಲ್ಲೇ ಇದ್ದೇನೆ. ಮಾಣಿಯ ಪರವಾಗಿ ನಾನೇ ವಕಾಲತ್ತು ಮಾಡುತ್ತೇನೆ.

ನೀವು ರಾತ್ರಿಯಿಡೀ ಬಯಲಾಟ ನೋಡಿದವರು. ಯುದ್ಧದ ಸಂದರ್ಭ ಬಂದಾಗ ಇಬ್ಬರು ವೇಷಧಾರಿಗಳು ಒಬ್ಬರನ್ನೊಬ್ಬರು ಸರಿಯಾಗಿ ಮುಟ್ಟುವುದೂ ಇಲ್ಲ. ಯಾರು ಗೆಲ್ಲುತ್ತಾರೆ ಅನ್ನುವುದು ಮಕ್ಕಳಿಗೂ ಗೊತ್ತು. ಆದರೂ ಚಂಡೆ ಏರುತ್ತಿದ್ದ ಹಾಗೆ ನಿದ್ದೆಗಣ್ಣಿನವರೂ ಎದ್ದು ಕೂರುತ್ತಾರೆ. ಮಂಡಿ ಕುಣಿತ ಶುರುವಾದರೆ ನೀವು ಎಲೆಯಡಿಕೆ ಅಗಿಯುವುದನ್ನೂ ನಿಲ್ಲಿಸುತ್ತೀರಿ. ವರ್ಷಗಟ್ಟಲೆ ಕಲಿತ ಒಂದು ಮೈ, ತಾಳ ತಪ್ಪದೆ, ನಮ್ಮ ಕಣ್ಣೆದುರು ತನ್ನ ವಿದ್ಯೆಯನ್ನು ಪೂರ್ತಿ ತೋರಿಸುವುದನ್ನು ನೋಡುವ ಖುಷಿ ಅದು. ಒಳ್ಳೆಯ ಕುಂಗ್‌ಫು ಸಿನಿಮಾ ಕೊಡುವ ಖುಷಿಯೂ ಅದೇ. ಸುಮ್ನೆ ಹೋಲಿಕೆಗಾಗಿ ಹೇಳ್ತಿಲ್ಲ. ಈ ಸಿನಿಮಾಗಳ ಬೇರು ಇರುವುದು ಆಟದ ರಂಗದ ಮೇಲೆಯೇ.

ಜಾಕಿ ಚಾನ್ ಹೆಸರು ನಿಮಗೂ ಗೊತ್ತಲ್ವಾ. ಅವನಿಗೆ ಏಳು ವರ್ಷ ಆಗಿದ್ದಾಗ ಅಪ್ಪ ಅಮ್ಮ ಇಲ್ಲಿನ ಒಂದು ಪೀಕಿಂಗ್ ಆಪೆರಾ, ಅಂದರೆ ಹಾಡು, ಅಭಿನಯ, ಲಾಗ ಎಲ್ಲ ಸೇರಿದ ಚೀನಾದ ರಂಗಕಲೆ, ಕಲಿಸುವ ಶಾಲೆಗೆ ಬಿಟ್ಟರು. ಮುಂದೆ ಸುಮಾರು ಹತ್ತು ವರ್ಷ ಅಲ್ಲೇ ಊಟ, ಅಲ್ಲೇ ನಿದ್ದೆ. ಗುರುಗಳ ಹೆಸರು ಯು ಜಿಮ್ ಯುವೆನ್. ಬಹಳ ಕಠಿಣ ಮನುಷ್ಯ. ಗಂಟೆಗಟ್ಟಲೆ ಕೈ ಮೇಲೆ ನಿಲ್ಲಿಸುತ್ತಿದ್ದರು, ತಪ್ಪಿದರೆ ಬೆತ್ತ. ಹಾಡು, ಲಾಗ, ಕತ್ತಿ, ಕೋಲು, ಮುಖಕ್ಕೆ ಬಣ್ಣ ಬರೆಯುವುದು, ಎಲ್ಲ ಒಂದೇ ಮನೆಯಲ್ಲಿ. ಆ ಮಕ್ಕಳು ಕಲಿತು ಹೊರಗೆ ಬರುವಷ್ಟರಲ್ಲಿ ಆಪೆರಾ ನೋಡುವ ಜನವೇ ಕಡಿಮೆಯಾಗಿದ್ದರು. ಹೊಟ್ಟೆಪಾಡಿಗೆ ಸಿನಿಮಾದಲ್ಲಿ ಡೂಪ್ ಆದರು. ಜಾಕಿ ಚಾನ್, ಸ್ಯಾಮೊ ಹಂಗ್, ಯುವೆನ್ ಬಿಯಾವೊ, ಕೋರಿ ಯುವೆನ್ ಎಲ್ಲ ಒಂದೇ ಗುರುವಿನ ಶಿಷ್ಯರು. ಬ್ರೂಸ್ ಲೀ ಸಿನಿಮಾದಲ್ಲಿ ಲಾಗ ಹಾಕುವ ದೃಶ್ಯ ಬಂದರೆ ಅದನ್ನು ಮಾಡುತ್ತಿದ್ದದ್ದು ಯುವೆನ್ ವಾ, ಅವನೂ ಅದೇ ಮನೆಯ ಹುಡುಗ. ನಮ್ಮ ರಾಜ್‌ಕುಮಾರ್ ಕೂಡ ಗುಬ್ಬಿ ಕಂಪನಿಯ ರಂಗದಿಂದ ಬಂದವರು. 'ಮಯೂರ'ದಲ್ಲಿ ಅವರು ಕತ್ತಿ ಹಿಡಿದು ನಿಲ್ಲುವ ಠೀವಿ ಒಂದೇ ದಿನಕ್ಕೆ ಬಂದದ್ದಲ್ಲ ಅಂತ ನೀವೇ ಎಷ್ಟು ಸಲ ಹೇಳಿಲ್ಲ!

ಆಪೆರಾದಿಂದ ಇವರು ತಂದ ದೊಡ್ಡ ಆಸ್ತಿ ಎಂದರೆ ನಿಲ್ಲುವುದು. ಹೊಡೆತ, ತಡೆ, ಹೊಡೆತ, ತಡೆ ಅಂತ ನಾಲ್ಕೈದು ಸರಸರನೆ ಆಗುತ್ತವೆ. ಆಮೇಲೆ ಇಬ್ಬರೂ ಗಕ್ಕನೆ ನಿಂತುಬಿಡುತ್ತಾರೆ. ಅರೆ ಗಳಿಗೆ, ಅಷ್ಟೇ. ಕಣ್ಣಿಗೆ ಕಣ್ಣು. ನಾವು ಉಸಿರು ಬಿಟ್ಟುಕೊಳ್ಳುವಷ್ಟರಲ್ಲಿ ಮತ್ತೆ ಶುರು. ಪಶ್ಚಿಮ ಕೌಲೂನ್‌ನಲ್ಲಿ 2019ರಲ್ಲಿ ತೆರೆದ ದೊಡ್ಡ ಆಪೆರಾ ರಂಗಮಂದಿರವಿದೆ. ಅಲ್ಲಿ ಕೂತು ಜಾಗಟೆ, ತಾಳದ ಸದ್ದಿಗೆ ಯೋಧನ ಪಾತ್ರ ಒಮ್ಮೆಲೇ ಕಲ್ಲಿನಂತೆ ನಿಂತದ್ದನ್ನು ಕಂಡಾಗ, ಸಿನಿಮಾದ ಆ ನಿಲುಗಡೆ ಎಲ್ಲಿಂದ ಬಂತು ಅನ್ನುವುದು ಕಣ್ಣಿಗೇ ಕಂಡಿತು. ನಿಲ್ಲದೆ ಹೊಡೆಯುತ್ತಲೇ ಇದ್ದರೆ ಅದು ಬರೀ ಗದ್ದಲ. ನಡುವೆ ನಿಂತರೆ ಮುಂದಿನ ಹೊಡೆತಕ್ಕೆ ಬೆಲೆ ಬರುತ್ತದೆ.

ಒಳ್ಳೆಯ ಹೊಡೆದಾಟಕ್ಕೆ ನಿಲ್ಲುವುದು ಮೊದಲನೆಯದಾದರೆ ಎರಡನೆಯದು, ಕಾಣಬೇಕು. ಈಗಿನ ಎಷ್ಟೋ ಸಿನಿಮಾಗಳಲ್ಲಿ ಫೈಟ್ ಅಂದರೆ ಕ್ಯಾಮೆರಾ ಅಲ್ಲಾಡಿಸುವುದು, ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಕಟ್. ಯಾರ ಕಾಲು, ಯಾರ ಕೈ ಗೊತ್ತಾಗುವುದಿಲ್ಲ. ಸದ್ದು ಜಾಸ್ತಿ, ಹೊಡೆತ ಕಡಿಮೆ. ನನಗೆ ಅದು ನೋಡುವವರಿಗೆ ಮಾಡಿದ ಮೋಸ ಅನಿಸುತ್ತದೆ. ಹಳೆಯ ಹಾಂಗ್‌ಕಾಂಗ್ ಸಿನಿಮಾದವರು ಕ್ಯಾಮೆರಾವನ್ನು ಹಿಂದಕ್ಕೆ ಇಟ್ಟರು. ತಲೆಯಿಂದ ಪಾದದವರೆಗೆ ಇಬ್ಬರೂ ಕಾಣುತ್ತಾರೆ. ಕಾಲು ಎಲ್ಲಿಂದ ಎದ್ದಿತು, ಎಲ್ಲಿ ಬಿತ್ತು, ಬಿದ್ದವನು ಎಷ್ಟು ದೂರ ಹೋದ, ಎಲ್ಲ ಲೆಕ್ಕ ಸಿಗುತ್ತದೆ. ಹೊಡೆತ ಬಿದ್ದ ಕ್ಷಣವನ್ನು ಒಮ್ಮೆ ದೂರದಿಂದ ತೋರಿಸಿ, ಹತ್ತಿರದ ಶಾಟ್‌ನಲ್ಲಿ ಒಂದೆರಡು ಫ್ರೇಮ್ (ರೀಲಿನ ಬಿಡಿ ಚಿತ್ರ) ಹಿಂದಿನಿಂದ ಮತ್ತೆ ಜೋಡಿಸುತ್ತಿದ್ದರು. ನಮ್ಮ ಕಣ್ಣಿಗೆ ಅದು ಒಂದೇ ಹೊಡೆತ, ಆದರೆ ಎರಡರಷ್ಟು ಭಾರ. ಅಂಗಿಗೆ ಪುಡಿ ಹಚ್ಚಿರುತ್ತಿದ್ದರು, ಒದೆ ಬಿದ್ದ ಕಡೆ ಧೂಳು ಹಾರಲಿ ಅಂತ. ಚಿತ್ರೀಕರಿಸುವಾಗ ಕ್ಯಾಮೆರಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡಿಸುವ ಕಡೆ 22 ಓಡಿಸಿದರೆ ತೆರೆಯ ಮೇಲೆ ಕೈಕಾಲು ಸ್ವಲ್ಪ ಚುರುಕು. ಇವೆಲ್ಲ ಉಪಾಯಗಳೇ, ಇಲ್ಲ ಅನ್ನೋದಿಲ್ಲ. ಆದರೆ ಇರುವ ವಿದ್ಯೆಯನ್ನು ಇನ್ನೂ ಚೆನ್ನಾಗಿ ಕಾಣಿಸುವ ಉಪಾಯಗಳು.

ಮೂರನೆಯದನ್ನು ಹೇಳಲು ಒಂದು ಹೊಡೆದಾಟವನ್ನೇ ಬಿಡಿಸಿ ಹೇಳಬೇಕು. ಬ್ರೂಸ್ ಲೀ ತಾನೇ ಬರೆದು ನಿರ್ದೇಶಿಸಿದ 1972ರ 'ವೇ ಆಫ್ ದಿ ಡ್ರ್ಯಾಗನ್' ಚಿತ್ರದ ಕೊನೆಯ ಕಾಳಗ. ಜಾಗ ರೋಮ್ ನಗರದ ಹಳೆಯ ಕೊಲೊಸಿಯಂ, ಎದುರಾಳಿ ಅಮೆರಿಕದ ಕರಾಟೆಪಟು ಚಕ್ ನಾರಿಸ್. ಮೊದಲು ಇಬ್ಬರೂ ಅವಸರವಿಲ್ಲದೆ ಮೈ ಸಡಿಲ ಮಾಡಿಕೊಳ್ಳುತ್ತಾರೆ. ಬೆರಳ ನೆಟಿಕೆ ಕೇಳುತ್ತದೆ. ಮೂಲೆಯಲ್ಲಿ ಒಂದು ಬೆಕ್ಕಿನ ಮರಿ. ಶುರುವಾದ ಮೇಲೆ ಪೆಟ್ಟು ತಿನ್ನುವವನು ಬ್ರೂಸ್ ಲೀ. ನೆಲಕ್ಕೆ ಬೀಳುತ್ತಾನೆ. ಎದ್ದವನು ಸಿಟ್ಟಿನಿಂದ ನುಗ್ಗುವುದಿಲ್ಲ, ಯೋಚಿಸುತ್ತಾನೆ. ಅದು ನಮಗೆ ಕಾಣುತ್ತದೆ! ತನ್ನ ಹೆಜ್ಜೆಯನ್ನೇ ಬದಲಿಸುತ್ತಾನೆ. ಕಾಲಿನ ತುದಿಯ ಮೇಲೆ ಹಗುರ ಜಿಗಿಯುತ್ತ, ಸುತ್ತ ಸರಿಯುತ್ತ, ಎದುರಾಳಿಯ ಒದೆಗಳೆಲ್ಲ ಗಾಳಿಗೆ ಹೋಗುವಂತೆ ಮಾಡುತ್ತಾನೆ. ನಾರಿಸ್ ಮಾತ್ರ ಕಲಿತ ಪಟ್ಟಿನಲ್ಲೇ ಗಟ್ಟಿಯಾಗಿ ನಿಂತಿರುತ್ತಾನೆ. ಅಲ್ಲಿಂದ ಆಟ ತಿರುಗುತ್ತದೆ. ಕೈಕಾಲು ಮುರಿದರೂ ನಾರಿಸ್ ಮತ್ತೆ ಎದ್ದಾಗ ಬ್ರೂಸ್ ಲೀ ಬೇಡ ಅಂತ ತಲೆಯಾಡಿಸುತ್ತಾನೆ. ಅವನು ಕೇಳುವುದಿಲ್ಲ. ಕೊನೆಗೆ ಸತ್ತವನ ಅಂಗಿ, ಪಟ್ಟಿ ತಂದು ಅವನ ಮೈ ಮೇಲೆ ಹೊದಿಸಿ, ಮಂಡಿಯೂರಿ ಕೂರುತ್ತಾನೆ.

ಇಷ್ಟೂ ಹೊತ್ತು ಮಾತೇ ಇಲ್ಲ ಅಪ್ಪಯ್ಯ. ಗರ್ವ, ಸೋಲು, ಬುದ್ಧಿ, ಮರ್ಯಾದೆ ಎಲ್ಲ ಕಾಲಿನ ಹೆಜ್ಜೆಯಲ್ಲೇ ಹೇಳಿ ಮುಗಿಸಿದ್ದಾನೆ. ಹೊಡೆದಾಟ ಬಂದರೆ ಕಥೆ ನಿಂತಿತು ಅನ್ನುತ್ತಾರಲ್ಲ, ಇಲ್ಲಿ ಹೊಡೆದಾಟವೇ ಕಥೆ. ಇದಾದ ಮರುವರ್ಷ, 1973ರ ಜುಲೈ 20ರಂದು, ಈ ಊರಿನಲ್ಲೇ ಬ್ರೂಸ್ ಲೀ ತೀರಿಕೊಂಡ. ಬರೀ 32 ವರ್ಷ. ಸಮುದ್ರದ ದಂಡೆಯಲ್ಲಿ ಅವನ ಕಂಚಿನ ಪ್ರತಿಮೆ ಇದೆ. ಮಕ್ಕಳು ಅದರ ಪಕ್ಕ ಅದೇ ಭಂಗಿಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತವೆ.

ಮಾಣಿಗೆ ಇಷ್ಟವಾದದ್ದು ಯಾವುದು ಅಂತ ನೀವು ಹೇಳಲಿಲ್ಲ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೇಲೆ ಇಡುವುದು ಲಾವ್ ಕಾರ್ ಲ್ಯುಂಗ್ ನಿರ್ದೇಶಿಸಿದ 1978ರ 'ದಿ 36ತ್ ಚೇಂಬರ್ ಆಫ್ ಶಾವೊಲಿನ್'. ಈ ನಿರ್ದೇಶಕ ದಕ್ಷಿಣ ಚೀನಾದ ದೊಡ್ಡ ಗುರು ವಾಂಗ್ ಫೇ ಹಂಗ್ ಅವರ ಶಿಷ್ಯನ ಶಿಷ್ಯನ ಮಗ. ವಿದ್ಯೆ ಅಪ್ಪನಿಂದಲೇ ಬಂದದ್ದು. ಅದಕ್ಕೇ ಇರಬೇಕು, ಸಿನಿಮಾದ ದೊಡ್ಡ ಭಾಗ ಹೊಡೆದಾಟವೇ ಇಲ್ಲ, ಬರೀ ಕಲಿಕೆ. ಊರಿನ ಮೇಲಾದ ಅನ್ಯಾಯಕ್ಕೆ ಸೇಡು ತೀರಿಸಬೇಕು ಅಂತ ಓಡಿಬಂದ ಹುಡುಗ ಶಾವೊಲಿನ್ ಎಂಬ ಬೌದ್ಧ ಮಠ ಸೇರುತ್ತಾನೆ. ಶುರುವಿಗೇ ಹೊಡೆದಾಟ ಕಲಿಸುವುದಿಲ್ಲ. ಊಟದ ಮನೆಗೆ ಹೋಗಬೇಕಾದರೆ ನೀರಿನಲ್ಲಿ ತೇಲುವ ಮರದ ತುಂಡುಗಳ ಮೇಲೆ ಕಾಲಿಟ್ಟು ದಾಟಬೇಕು. ಬಿದ್ದರೆ ಒದ್ದೆ, ತಡವಾದರೆ ಊಟ ಇಲ್ಲ. ಆಮೇಲೆ ನೀರು ಹೊರುವುದು. ಎರಡೂ ಕೈ ಅಗಲಕ್ಕೆ ಚಾಚಿ ಕೊಡ ಹಿಡಿದು ಹತ್ತಬೇಕು. ತೋಳಿಗೆ ಚೂರಿ ಕಟ್ಟಿರುತ್ತಾರೆ, ಕೈ ಇಳಿದರೆ ಪಕ್ಕೆಗೆ ಚುಚ್ಚುತ್ತದೆ. ಇನ್ನೊಂದು ಕಡೆ ಉದ್ದದ ಕೋಲಿನ ತುದಿಗೆ ಭಾರ ಕಟ್ಟಿ, ಇತ್ತ ತುದಿಯನ್ನು ಹಿಡಿದು, ಗುರುಗಳ ತಾಳಕ್ಕೆ ಸರಿಯಾಗಿ ಗಂಟೆ ಹೊಡೆಯಬೇಕು. ಮೊದಲ ದಿನ ಕೋಲು ಏಳುವುದೇ ಇಲ್ಲ. ಮಣಿಕಟ್ಟು ನಡುಗುತ್ತದೆ. ಎಷ್ಟೋ ದಿನಗಳ ಮೇಲೆ ಗಂಟೆ ತಾಳಕ್ಕೆ ಸರಿಯಾಗಿ ಮೊಳಗಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಕೊನೆಯಲ್ಲಿ ಅವನು ಶತ್ರುವನ್ನು ಹೊಡೆದಾಗ ಆಗುವ ಖುಷಿಗಿಂತ ಇದು ದೊಡ್ಡದು. ಯಾಕೆಂದರೆ ಆ ಕೈಯ ಬಲ ಎಲ್ಲಿಂದ ಬಂತು ಅನ್ನುವುದನ್ನು ನಾವು ಜೊತೆಗಿದ್ದು ನೋಡಿದ್ದೇವೆ. ಮಕ್ಕಳು ನೋಡಲೇಬೇಕು ಅಂತ ನಾನು ಹೇಳುವುದು ಇದಕ್ಕೇ.

ನಾನು ಆಫೀಸಿಗೆ ಹೋಗುವ ದಾರಿಯಲ್ಲಿ, ಸಿಮ್ ಶಾ ಚೂಯಿ ಪೂರ್ವದಲ್ಲಿ, ವಿಂಗ್ ಆನ್ ಪ್ಲಾಜಾ ಅಂತ ಒಂದು ಮಾಲ್ ಇದೆ. 1985ರ 'ಪೊಲೀಸ್ ಸ್ಟೋರಿ' ಸಿನಿಮಾದ ಕೊನೆಯ ಭಾಗ ಚಿತ್ರೀಕರಣವಾದದ್ದು ಅಲ್ಲೇ. (ನಮ್ಮ ಸಾಯಿಕುಮಾರ್ ಅವರದ್ದು, ಥ್ರಿಲ್ಲರ್ ಮಂಜು ನಿರ್ದೇಶಿಸಿದ್ದು, 1996ರದ್ದು. ಇದು ಬೇರೆ.) ಮೇಲಿನ ಮಹಡಿಯ ಕಟಾಂಜನದಿಂದ ಜಾಕಿ ಚಾನ್ ಜಿಗಿದು, ಬಣ್ಣದ ದೀಪ ಸುತ್ತಿದ ಕಂಬ ಹಿಡಿದು, ದೀಪಗಳು ಸಿಡಿಯುತ್ತಿದ್ದ ಹಾಗೆ ಕೆಳಗೆ ಜಾರಿ, ಗಾಜು ಒಡೆದುಕೊಂಡು ನೆಲಕ್ಕೆ ಬರುತ್ತಾನೆ. ಡೂಪ್ ಇಲ್ಲ. ಅಂಗೈ ಸುಟ್ಟಿತು, ಬೆನ್ನಿಗೂ ಪೆಟ್ಟಾಯಿತು. ಅದೇ ಬೀಳುವುದನ್ನು ಬೇರೆ ಬೇರೆ ಕೋನಗಳಿಂದ ಮತ್ತೆ ತೋರಿಸುತ್ತಾರೆ. ನಂಬಿ, ಇದು ನಿಜ ಅನ್ನುವ ಹಾಗೆ.

ಆದರೆ ಒಂದು ಮಾತು ಹೇಳಲೇಬೇಕು. ಯಾರಿಗಾದರೂ ಪೆಟ್ಟಾಗುವುದು ನನಗೆ ಖುಷಿಯಲ್ಲ. 1986ರಲ್ಲಿ ಯುಗೊಸ್ಲಾವಿಯಾದಲ್ಲಿ ಮರದಿಂದ ಬಿದ್ದು ಜಾಕಿ ಚಾನ್ ತಲೆಬುರುಡೆಯೇ ಒಡೆದಿತ್ತು, ಪ್ರಾಣ ಉಳಿದದ್ದು ಹೆಚ್ಚು. ನಮ್ಮಲ್ಲೂ 2016ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರ್‌ನಿಂದ ಹಾರಿದ ಇಬ್ಬರು ಕನ್ನಡದ ನಟರು ಮುಳುಗಿ ಸತ್ತರಲ್ಲ. ಆ ದಿನ ಅಮ್ಮ ಟಿವಿ ಆರಿಸಿ ಎದ್ದು ಹೋಗಿದ್ದರು. ಯಾವ ಶಾಟ್‌ಗೂ ಅಷ್ಟು ಬೆಲೆ ಇಲ್ಲ. ಹಗ್ಗ ಇರಲಿ, ಬಲೆ ಇರಲಿ, ವೈದ್ಯರು ಇರಲಿ, ಆಮೇಲೆ ವಿದ್ಯೆ ತೋರಿಸಲಿ. ನಮಗೆ ಬೇಕಾದ ಖುಷಿ ಅದರಲ್ಲೇ ಸಿಗುತ್ತದೆ.

ಅಮ್ಮನಿಗಾಗಿ ಬರೆಯುತ್ತಿದ್ದೇನೆ: ಇದು ಗಂಡಸರ ಆಟ ಅಂತ ತಿಳಿಯಬೇಡಿ. 1966ರಲ್ಲೇ ಕಿಂಗ್ ಹೂ ಅವರ 'ಕಮ್ ಡ್ರಿಂಕ್ ವಿತ್ ಮಿ' ಚಿತ್ರದ ಕತ್ತಿವರಸೆಯ ನಾಯಕಿ ಚೆಂಗ್ ಪೇ ಪೇ, ನೃತ್ಯ ಕಲಿತವಳು. ಛತ್ರದಲ್ಲಿ ಒಬ್ಬಳೇ ಕೂತಿರುತ್ತಾಳೆ, ಸುತ್ತ ಕಳ್ಳರು. ಬಹಳ ಹೊತ್ತು ಏನೂ ಆಗುವುದಿಲ್ಲ, ಆ ಏನೂ ಆಗದಿರುವುದೇ ಮೈ ಜುಮ್ ಅನಿಸುತ್ತದೆ. ಮಲೇಷ್ಯಾದ ಇಪೋ ಊರಿನ ಮಿಶೆಲ್ ಯೊ ಕೂಡ ಬ್ಯಾಲೆ ಕಲಿತವಳೇ. 1992ರ 'ಪೊಲೀಸ್ ಸ್ಟೋರಿ 3'ರಲ್ಲಿ ಓಡುವ ರೈಲಿನ ಮೇಲೆ ಮೋಟಾರ್ ಸೈಕಲ್ ಹಾರಿಸಿದ್ದು ಅವಳೇ. 2023ರಲ್ಲಿ ಆಸ್ಕರ್ ಬಂದದ್ದು ಇವಳಿಗೇ.

ಈಗ ಕೆಲಸದ ಮಾತು. ಮಾಣಿಯ ಜೊತೆ ಒಂದು ಸಂಜೆ ಕೂತು ನೋಡಿ ಅಪ್ಪಯ್ಯ. ಮೊದಲು 'ಪ್ರಾಜೆಕ್ಟ್ ಎ' ಹಾಕಲಿ, 1983ರದ್ದು. ಹಳೆಯ ಗಡಿಯಾರ ಗೋಪುರದಿಂದ ಜಾಕಿ ಚಾನ್ ಬೀಳುವುದು ಅದರಲ್ಲೇ. ನಗು ಜಾಸ್ತಿ, ರಕ್ತ ಕಡಿಮೆ, ಅಮ್ಮನೂ ಕೂರಬಹುದು. ಆಮೇಲೆ ಶಾವೊಲಿನ್ ಮಠದ ಸಿನಿಮಾ. ಬ್ರೂಸ್ ಲೀ ಕೊನೆಗಿರಲಿ, ಅದರಲ್ಲಿ ಸಾವು ಇದೆ. ಫೋನ್ ಬೇಡ, ಟಿವಿಗೆ ಹಾಕಲು ಹೇಳಿ. ಅಷ್ಟು ಚಿಕ್ಕ ಪರದೆಯಲ್ಲಿ ಕಾಲಿನ ಕೆಲಸ ಕಾಣುವುದಿಲ್ಲ. ಮುಗಿಯಿತು ಅಂತ ಎದ್ದು ಹೋಗಬೇಡಿ. ಜಾಕಿ ಚಾನ್ ಸಿನಿಮಾದಲ್ಲಿ ಹೆಸರುಗಳು ಬರುವಾಗ ತಪ್ಪಿದ ಶಾಟ್‌ಗಳನ್ನು ತೋರಿಸುತ್ತಾರೆ, ಬಿದ್ದದ್ದು, ಎದ್ದದ್ದು, ಮತ್ತೆ ಮಾಡಿದ್ದು. ಯಾವ ಹೆಜ್ಜೆ ನಿಮಗೆ ಹಿಡಿಸಿತು ಅಂತ ಭಾನುವಾರ ಫೋನಿನಲ್ಲಿ ಹೇಳಿ. ಮಾಣಿಗೆ ಮಹಡಿಯಿಂದ ಹಾರಬಾರದು ಅಂತ ನಾನು ಹೇಳಿದೆ ಅನ್ನಿ.

ಅಕ್ಕ, ಭಾವ ಎಲ್ಲರಿಗೂ ನನ್ನ ನೆನಪು ತಿಳಿಸಿ.

ಇತಿ ನಿಮ್ಮ ಮಗಳು