‘ಅಂತೆ’ಯನ್ನು ಅಳಿಸಿದವರಿಗೆ ಒಂದು ಪತ್ರ

ಆತ್ಮೀಯರೇ, ನಮಸ್ಕಾರ.

ನೀವು ಕಳುಹಿಸಿದ ನಲವತ್ತೆರಡು ಕಿರುಬರಹಗಳ ಕಟ್ಟು ಕೈಸೇರಿ ಮೂರು ವಾರಗಳಾದವು. ಜೊತೆಗಿದ್ದ ಕಾಗದದ ಕೊನೆಯಲ್ಲಿ, ಇಂತಹ ಚೂರುಪಾರು ಬರೆಯುವವನನ್ನು ಯಾರೂ ಲೇಖಕನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಆ ಸಾಲನ್ನು ಓದಿದ ಮೇಲೆ ಉತ್ತರಿಸದೆ ಇರಲಾಗಲಿಲ್ಲ, ಏಕೆಂದರೆ ಮೂವತ್ತು ವರ್ಷ ವಾರಕ್ಕೊಂದು ಅಂಕಣ ಬರೆದ ನನ್ನನ್ನು ನನ್ನ ಸೋದರಮಾವನವರು ತಮ್ಮ ಕೊನೆಗಾಲದವರೆಗೂ ‘ಪೇಪರಿಗೆ ಏನೋ ಬರೀತಾನೆ’ ಎಂದೇ ಬಂದವರಿಗೆ ಪರಿಚಯಿಸುತ್ತಿದ್ದರು. ಬಿಡಬೇಡಿ. ಪ್ರಕಾಶಕರು ಯಾರು, ಪುಟ ಎಷ್ಟು, ಯಾವ ಬರಹ ಮೊದಲಿರಬೇಕು ಎಂಬುದನ್ನೆಲ್ಲ ಬೇರೆ ಯಾರಾದರೂ ಹೇಳಿಕೊಟ್ಟಾರು. ನನಗೆ ಹೇಳುವುದಕ್ಕಿರುವುದು ಒಂದೇ ಮಾತು, ಅದೂ ಎರಡಕ್ಷರದ ಒಂದು ಪದದ ಬಗ್ಗೆ.

ನಿಮ್ಮ ನಲವತ್ತೆರಡು ಬರಹಗಳಲ್ಲಿ ‘ಅಂತೆ’ ಎಂಬುದು ಒಮ್ಮೆಯೂ ಬಂದಿಲ್ಲ. ‘ಮಳೆ ಬಂತು’ ಎಂದರೆ ನಾನು ನೋಡಿದ್ದೇನೆ, ‘ಮಳೆ ಬಂತಂತೆ’ ಎಂದರೆ ಯಾರೋ ಹೇಳಿದ್ದನ್ನು ನಾನು ಕೇಳಿದ್ದೇನೆ, ‘ಮಳೆ ಬಂದೀತು’ ಎಂದರೆ ಮೋಡ ನೋಡಿ ಊಹಿಸುತ್ತಿದ್ದೇನೆ. ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂಬ ಮೂರನ್ನು ಇಷ್ಟು ಮಿತವ್ಯಯದಲ್ಲಿ ಬೇರ್ಪಡಿಸುವ ಸಲಕರಣೆಯನ್ನು ಭಾಷೆಯೇ ನಮ್ಮ ಕೈಗೆ ಕೊಟ್ಟಿರುವಾಗ, ನೀವು ಎಲ್ಲವನ್ನೂ ‘ಬಂತು’ ಎಂದು ಬರೆದಿದ್ದೀರಿ. ‘ಅಂತೆಕಂತೆ’ ಎಂದು ಜನ ಹಳಿಯುವುದು ಆ ಪದವನ್ನಲ್ಲ. ‘ಅಂತೆ’ಯನ್ನು ಹೊತ್ತು ತಂದು ‘ಹೌದು’ ಎಂದು ಮಾರುವವರನ್ನು.

ಹದಿನೇಳನೆಯ ಬರಹವನ್ನೇ ನೋಡಿ. ಕನ್ನಡವು ತಮಿಳಿನಿಂದ ಹುಟ್ಟಿತೆಂದು 2025ರ ಮೇ ತಿಂಗಳಲ್ಲಿ ನಟರೊಬ್ಬರು ಆಡಿದ ಮಾತಿನ ಗದ್ದಲದಲ್ಲಿ ಅದನ್ನು ಬರೆದಿದ್ದೀರಿ ಎಂಬುದು ಮೊದಲ ಸಾಲಿನ ಬಿಸಿಯಿಂದಲೇ ತಿಳಿಯುತ್ತದೆ. ಎರಡೂ ಒಂದೇ ದ್ರಾವಿಡ ಬುಡದಿಂದ ಕವಲೊಡೆದ ಸೋದರ ಭಾಷೆಗಳು, ಒಂದು ಇನ್ನೊಂದರ ಮಗಳಲ್ಲ ಎಂದು ಭಾಷಾಶಾಸ್ತ್ರ ಹೇಳುವುದನ್ನು ಹೇಳಿ ನಿಲ್ಲಿಸಿದ್ದರೆ ಸಾಕಾಗುತ್ತಿತ್ತು. ನೀವು ನಿಲ್ಲದೆ, ‘ಹದಿನೆಂಟು ನೂರು ವರ್ಷಗಳ ಹಿಂದೆಯೇ ಗ್ರೀಕರು ರಂಗದ ಮೇಲೆ ಕನ್ನಡ ಮಾತನಾಡಿದರು’ ಎಂದು ಮೇಜು ಕುಟ್ಟಿದ್ದೀರಿ.

ಆ ಕಥೆ ನನಗೂ ಬಲು ಪ್ರಿಯವಾದದ್ದು, ಆದ್ದರಿಂದಲೇ ಅದು ಹಾಳಾದದ್ದನ್ನು ಕಂಡು ಸಿಟ್ಟು ಬಂತು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಪುರಾತನ ತಿಪ್ಪೆಗಳನ್ನು ಅಗೆದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರಿಗೆ ಸಿಕ್ಕ ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಗದ) ಹಾಳೆಗಳಲ್ಲಿ 413ನೆಯದು ಒಂದು ಪ್ರಹಸನ. ಅದು ಅಚ್ಚಾದದ್ದು 1903ರಲ್ಲಿ. ಖಾರಿಟಿಯಾನ್ ಎಂಬ ಗ್ರೀಕ್ ತರುಣಿ ಭಾರತದ ಕರಾವಳಿಯ ದೊರೆಯೊಬ್ಬನ ವಶದಲ್ಲಿರುತ್ತಾಳೆ. ಅವಳ ಕಡೆಯವರು ಬಂದು ದೊರೆಗೂ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಪಾರುಮಾಡುತ್ತಾರೆ. ದೊರೆಯ ಕಡೆಯವರ ಬಾಯಲ್ಲಿ ಬರುವ ಕೆಲವು ಮಾತುಗಳು ಗ್ರೀಕ್ ಲಿಪಿಯಲ್ಲಿದ್ದರೂ ಗ್ರೀಕ್ ಅಲ್ಲ. ಮರುವರ್ಷವೇ ಜರ್ಮನ್ ಶಾಸನತಜ್ಞ ಹುಲ್ಟ್ಶ್ ಅವುಗಳಲ್ಲಿ ಕನ್ನಡವನ್ನು ಕಂಡರು. ಒಂದು ಸಾಲನ್ನು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದು ಓದಿದರು. ನಮ್ಮ ವಿದ್ವಾಂಸರಾದ ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಇದನ್ನು ಕನ್ನಡವೆಂದೇ ಒಪ್ಪಿ ಮುಂದುವರಿಸಿದರು. ಇಷ್ಟನ್ನು ನೀವೂ ಬರೆದಿದ್ದೀರಿ. ಆದರೆ 1926ರಲ್ಲಿ ಬಾರ್ನೆಟ್ ಎಂಬ ವಿದ್ವಾಂಸರು ಈ ಓದನ್ನೇ ಅಲ್ಲಗಳೆದು ಬರೆದದ್ದು, ಆ ಮಾತುಗಳು ಯಾವ ಭಾಷೆಯವು ಎಂಬುದು ಇಂದಿಗೂ ತೀರ್ಮಾನವಾಗದೆ ಇರುವುದು, ಬರಿಯ ನಗೆಗಾಗಿ ಕಟ್ಟಿದ ಅರ್ಥವಿಲ್ಲದ ಸದ್ದು ಅವು ಎನ್ನುವವರೂ ಇರುವುದು ನಿಮ್ಮ ಬರಹದಲ್ಲಿ ಎಲ್ಲಿ ಹೋಯಿತು?

ತಿಳಿದಿರಲಿಲ್ಲವೆಂದರೆ ಕ್ಷಮಿಸುತ್ತೇನೆ. ಆದರೆ ನಿಮ್ಮ ಕಾಗದದಲ್ಲೇ, ‘ಕೆಲವರು ಒಪ್ಪುವುದಿಲ್ಲವಾದರೂ ಓದುಗರಿಗೆ ಗೊಂದಲವಾಗಬಾರದೆಂದು ಬಿಟ್ಟಿದ್ದೇನೆ’ ಎಂದಿದ್ದೀರಿ. ಗೊಂದಲವೇ ಇಲ್ಲಿಯ ಸ್ವಾರಸ್ಯವಲ್ಲವೇ? ಗ್ರೀಕ್ ಲಿಪಿಯಲ್ಲಿ ನಮ್ಮ ‘ಳ’ಕ್ಕೂ ‘ಚ’ಕ್ಕೂ ಅಕ್ಷರವಿಲ್ಲ. ಪದಗಳ ನಡುವೆ ತೆರಪು ಬಿಡದೆ ಬರೆಯುತ್ತಿದ್ದ ಕಾಲವದು, ಹಾಗಾಗಿ ಎಲ್ಲಿ ತುಂಡರಿಸಬೇಕೆಂಬುದನ್ನು ಓದುವವನೇ ನಿರ್ಧರಿಸಬೇಕು. ಇನ್ನೊಂದು ಸಂಗತಿ. 1936ರಲ್ಲಿ ಪುರಾತತ್ತ್ವಜ್ಞ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನವು ಸುಮಾರು 450ರದು. ಅದರ ಹದಿನಾರು ಸಾಲುಗಳನ್ನು ಟಿಪ್ಪಣಿಯ ನೆರವಿಲ್ಲದೆ ನೀವಾಗಲಿ ನಾನಾಗಲಿ ಬಿಡಿಸಲಾರೆವು. ಅದಕ್ಕಿಂತ ಇನ್ನೂ ಇನ್ನೂರೈವತ್ತು ವರ್ಷ ಹಿಂದಿನದೆನ್ನುವ ಮಾತು, ನೆನ್ನೆ ಪಕ್ಕದ ಮನೆಯ ಅಡುಗೆಕೋಣೆಯಿಂದ ಕೇಳಿಬಂದಂತೆ ‘ಪಾತ್ರಕ್ಕೆ ಹಾಕಿ’ ಎಂದು ಅಷ್ಟು ತಿಳಿಯಾಗಿ ಕೇಳಿಸುವುದು ಹೇಗೆ? ಈ ಪ್ರಶ್ನೆಯನ್ನು ಓದುಗರ ಮುಂದಿಟ್ಟು ನೋಡಿ. ಹೆಮ್ಮೆಪಟ್ಟು ಮರೆಯುವವರು ಆಗ ಕುಳಿತು ಯೋಚಿಸುತ್ತಾರೆ.

ಇಷ್ಟು ಗದರಿಸುವ ಅಧಿಕಾರ ನನಗೆ ಬಂದಿರುವುದು ನಾನು ಮಾಡಿದ ತಪ್ಪಿನಿಂದ. ಅಂಕಣ ಶುರುಮಾಡಿದ ಎರಡನೆಯ ವರ್ಷ ಬೆಂಗಳೂರಿನ ಹೆಸರಿನ ಬಗ್ಗೆ ಬರೆದೆ. ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಬೇಟೆಯಲ್ಲಿ ದಾರಿತಪ್ಪಿ ಬಂದದ್ದು, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದು, ಊರು ‘ಬೆಂದಕಾಳೂರು’ ಆದದ್ದು, ಎಲ್ಲವನ್ನೂ ಅಲ್ಲಿಯೇ ಒಲೆಯ ಪಕ್ಕದಲ್ಲಿ ಕುಳಿತು ನೋಡಿದವನಂತೆ ಬರೆದೆ. ನನ್ನ ಕರಡಿನಲ್ಲಿ ‘ಎಂದು ಹೇಳುತ್ತಾರೆ’ ಎಂಬುದು ನಾಲ್ಕು ಕಡೆ ಇತ್ತು. ಅಂಕಣದ ಜಾಗಕ್ಕೆ ಹೊಂದಿಸುವಾಗ ಉಪಸಂಪಾದಕರೊಬ್ಬರು ನಾಲ್ಕನ್ನೂ ಹೊಡೆದುಹಾಕಿದರು. ಅವರ ಮೇಲಿನ ಕೋಪ ನನಗೆ ಇನ್ನೂ ಇಳಿದಿಲ್ಲ, ಆದರೆ ನಿಜ ಹೇಳಬೇಕೆಂದರೆ, ಅಚ್ಚಾದದ್ದನ್ನು ಓದಿದಾಗ ನನಗೂ ಅದೇ ಹೆಚ್ಚು ಸೊಗಸಾಗಿ ಕಂಡಿತ್ತು.

ಹದಿನೈದು ದಿನಕ್ಕೆ ಒಂದು ಪೋಸ್ಟ್‌ಕಾರ್ಡ್ ಬಂತು. ನಿವೃತ್ತ ಮೇಷ್ಟರೊಬ್ಬರು ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಗಂಗರ ಕಾಲದ ಒಂದು ವೀರಗಲ್ಲಿದೆ, ಸುಮಾರು 890ರದು, ಅದರಲ್ಲಿ ಬೆಂಗಳೂರಿನ ಕಾಳಗದ ಮಾತಿದೆ, ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ, ಹಾಗಿರುವಾಗ ಊರಿಗೆ ಹೆಸರಿಟ್ಟವನು ಅವನು ಹೇಗಾದಾನು, ದಯವಿಟ್ಟು ತಿಳಿಸಬೇಕು. ‘ಹೇಗಾದಾನು’ ಎಂಬ ಆ ಸೌಮ್ಯ ಪದ ನನ್ನನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚಿಲ್ಲ. ನಾನು ಉತ್ತರ ಬರೆಯಲಿಲ್ಲ, ತಿದ್ದುಪಡಿಯನ್ನೂ ಹಾಕಲಿಲ್ಲ. ಮುಂದಿನ ವಾರ ಮಾವಿನಹಣ್ಣಿನ ಬಗ್ಗೆ ಬರೆದು ಸುಮ್ಮನಾದೆ. ಕೆಲವು ವರ್ಷಗಳ ಮೇಲೆ ಒಂದು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಮಗುವೊಂದು ನನ್ನ ವಾಕ್ಯಗಳನ್ನೇ ಹಾಗೆಹಾಗೆಯೇ ಇಳಿಸಿ ಬಹುಮಾನ ಪಡೆದದ್ದನ್ನು ಕಂಡೆ. ಆ ಮಗು ಈಗ ನಿಮಗಿಂತ ದೊಡ್ಡದಾಗಿರಬೇಕು. ಬೆಂದಕಾಳಿನ ಕಥೆಯನ್ನು ತನ್ನ ಮಕ್ಕಳಿಗೂ ಹೇಳುತ್ತಿದ್ದೀತು.

ಉಳಿದವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೋ ಪ್ರಶಸ್ತಿ ಕೊಟ್ಟಿತೆಂಬ ಮೂವತ್ತನೆಯ ಬರಹವನ್ನು ತೆಗೆದುಹಾಕಿ. ಅಂಥದ್ದು ನಡೆದೇ ಇಲ್ಲ. ಅಲ್ಲಿ ‘ಅಂತೆ’ ಸೇರಿಸಿದರೂ ಪಾಪ ಪರಿಹಾರವಾಗದು. ಕನ್ನಡ ಮಾತೃಭಾಷಿಕರು ‘ಇಂದು 4.37 ಕೋಟಿ’ ಎಂದಿರುವಲ್ಲಿ ‘ಇಂದು’ ಎಂಬುದನ್ನು ಹೊಡೆದು ‘2011ರ ಜನಗಣತಿಯಂತೆ’ ಎಂದು ಬರೆಯಿರಿ, ಏಕೆಂದರೆ 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ನಿಮ್ಮಜ್ಜಿ ‘ಸಾಬೂನು’ ಎಂಬುದನ್ನು ಕೊನೆಯವರೆಗೂ ‘ಸೋಪು’ ಎನ್ನಲೊಪ್ಪದ ಬರಹವಿದೆಯಲ್ಲ, ಅದರ ಒಂದಕ್ಷರವನ್ನೂ ಮುಟ್ಟಬೇಡಿ. ಅದನ್ನು ಎರಡು ಸಲ ಓದಿದೆ, ಮನೆಯವರಿಗೂ ಓದಿ ಹೇಳಿದೆ. ಅಲ್ಲಿ ‘ಅಂತೆ’ ಇಲ್ಲದಿರುವುದು ಸರಿಯೇ, ನೀವು ಕಂಡದ್ದನ್ನೇ ಬರೆದಿದ್ದೀರಿ.

ಮುನ್ನುಡಿ ಬರೆದುಕೊಡಿ ಎಂದು ಕೇಳಿದ್ದಕ್ಕೆ ಈಗಲೇ ಏನೂ ಹೇಳಲಾರೆ. ಹದಿನೇಳನೆಯದನ್ನು ಮೊದಲು ತಿದ್ದಿ ಕಳುಹಿಸಿ. ಪೆನ್ಸಿಲ್ ಗುರುತುಗಳೊಡನೆ ಕಟ್ಟನ್ನು ಇದರ ಜೊತೆಗೇ ಅಂಚೆಗೆ ಹಾಕಿದ್ದೇನೆ. ಕೆಲವು ಕಡೆ ಪೆನ್ಸಿಲ್ ಒತ್ತಿ ಕಾಗದ ಹರಿದಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನೀವಿರುವ ಬಡಾವಣೆಯಿಂದ ಬೇಗೂರು ದೂರವೇನಿಲ್ಲ. ಆ ಮೇಷ್ಟರ ಕಾರ್ಡು ಬಂದಂದಿನಿಂದ ಹೋಗಬೇಕು ಎಂದುಕೊಳ್ಳುತ್ತಲೇ ಇದ್ದೇನೆ. ಇದುವರೆಗೂ ಆ ಕಲ್ಲನ್ನು ನಾನು ನೋಡಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಂದು ಕರೆದೊಯ್ಯುವುದಾದರೆ ಮಂಡಿಗೆ ಪಟ್ಟಿ ಕಟ್ಟಿಕೊಂಡು ಸಿದ್ಧನಿರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಹಳೆಯ ಅಂಕಣಕಾರ