ಮೆಟ್ಟಿಲ ಮೇಲೆ ನಿಂತಿದ್ದ ಹುಡುಗಿ

ಮಗಳೇ,

ಶನಿವಾರ ನೀನು ಫೋನ್ ಮಾಡಿದಾಗ ನಾನು ಗುಡ್ಡದ ಮೇಲಿನ ಬಂಡೆಯ ಹತ್ತಿರ ನಿಂತಿದ್ದೆ. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಪೀಜಿ ಸಿಕ್ಕಿತು ಅಂತ ನೀನು ಒಂದೇ ಉಸಿರಲ್ಲಿ ಹೇಳುತ್ತಿದ್ದೆ, ನಾನು ಹೂಂ ಹೂಂ ಅನ್ನುತ್ತಿದ್ದೆ. ಫೋನ್ ಇಟ್ಟು ಕೆಳಗೆ ಇಳಿಯುವಾಗ ಕಾಲು ಭಾರವಾಯಿತು. ರೂಮು ಸಿಕ್ಕಿತಲ್ಲ, ಮತ್ತೆ ಮುಖ ಯಾಕೆ ಹೀಗೆ ಅಂತ ಅಪ್ಪ ಕೇಳಿದರು. ಅವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಾಲ್ಕು ದಿನ ಅದನ್ನೇ ಯೋಚಿಸಿ, ಇವತ್ತು ಶಾಲೆ ಬಿಟ್ಟ ಮೇಲೆ ಮೂರನೇ ತರಗತಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಇಷ್ಟು. ಬಾಗಿಲು ತೆರೆದ ಆ ಹೆಂಗಸು ನಿನ್ನ ಮುಖ, ಕೂದಲು ನೋಡಿ, ಮಾತು ಕೇಳುವ ಮೊದಲೇ ಕೈ ಅಲ್ಲಾಡಿಸಿ ‘ನೋ ಆಫ್ರಿಕನ್ಸ್’ ಅಂದಳು. ನೀನು ಹೆದರಲಿಲ್ಲ. ‘ಅಕ್ಕಾ, ನಾನು ಆಫ್ರಿಕಾದವಳಲ್ಲ, ಯಲ್ಲಾಪುರದವಳು’ ಅಂದೆ. ಅವಳ ಮುಖ ಅರಳಿತು. ‘ಅಯ್ಯೋ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯಮ್ಮ’ ಅಂತ ಒಳಗೆ ಕರೆದು ಕಾಫಿ ಕೊಟ್ಟಳು. ಅಡ್ವಾನ್ಸ್ ಎಷ್ಟು, ಊಟಕ್ಕೆ ಏನು ಅನ್ನುವುದೆಲ್ಲ ಆಮೇಲೆ ಬಂತು. ಅದರ ನಡುವೆ ನೀನು ಒಂದು ಮಾತು ಹಾಗೇ ಹೇಳಿ ಮುಂದೆ ಹೋದೆ: ‘ನನ್ನ ಹಿಂದೆ ಮೆಟ್ಟಿಲ ಮೇಲೆ ಕಾಂಗೋದ ಹುಡುಗಿಯೊಬ್ಬಳು ರೂಮು ಕೇಳೋಕೆ ಬಂದು ನಿಂತಿದ್ದಳು ಅವ್ವ. ಪಾಪ, ಸುಮ್ಮನೆ ಇಳಿದು ಹೋದಳು.’

ಆ ಹುಡುಗಿ ನನ್ನ ಕಣ್ಣ ಮುಂದಿಂದ ಹೋಗುತ್ತಿಲ್ಲ.

ನೀನು ತಪ್ಪು ಮಾಡಿದೆ ಅಂತ ಬೈಯಲು ಬರೆಯುತ್ತಿಲ್ಲ. ನೀನು ಹೇಳಿದ್ದು ಸುಳ್ಳೂ ಅಲ್ಲ. ನಾವು ಸಿದ್ದಿಗಳು, ನಮ್ಮ ಹಿರಿಯರು ಎಂದೋ ಆಫ್ರಿಕಾದಿಂದ ಬಂದವರು, ನಿಜ. ಆದರೆ ನೀನು ಹುಟ್ಟಿದ್ದು ಯಲ್ಲಾಪುರದ ಆಸ್ಪತ್ರೆಯಲ್ಲಿ, ನಿನ್ನ ಅಜ್ಜಿ, ಅವಳ ಅಜ್ಜಿ ಎಲ್ಲರೂ ಈ ಕಾಡಿನಲ್ಲೇ ಹುಟ್ಟಿದವರು. ‘ನಿಮ್ಮ ದೇಶಕ್ಕೆ ಹೋಗಿ’ ಅಂತ ಯಾರಾದರೂ ಅಂದರೆ ಮೊದಲು ಸಿಟ್ಟು ಬರುವುದು ನನಗೇ. ಆದರೂ ‘ನಾನು ಆಫ್ರಿಕಾದವಳಲ್ಲ’ ಅನ್ನುವ ನಿನ್ನ ಮಾತು ನನ್ನನ್ನು ಇಷ್ಟು ಚುಚ್ಚಿದ್ದಕ್ಕೆ ಕಾರಣ ಇದೆ. ಅದನ್ನು ನಿನಗೆ ಕಲಿಸಿದವಳು ನಾನು. ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ನಿನ್ನ ಬ್ಯಾಗಿನಲ್ಲಿ ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ ಇಟ್ಟು ‘ಯಾರೇ ಏನೇ ಕೇಳಲಿ, ಮೊದಲು ಕನ್ನಡದಲ್ಲಿ ಮಾತಾಡು, ನಾನು ಇಲ್ಲಿಯವಳೇ ಅನ್ನು’ ಅಂದಿದ್ದೆ, ನೆನಪಿದೆಯಾ? ಹೆದರಿಕೆಯಿಂದ ಹೇಳಿದ ಮಾತು ಅದು. ಆ ಹೆದರಿಕೆ ಎಲ್ಲಿಂದ ಬಂತು ಅಂತ ನಿನಗೆ ಯಾವತ್ತೂ ಹೇಳಿರಲಿಲ್ಲ.

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆ ಕಡೆ ಸುಡಾನ್ ದೇಶದ ಒಬ್ಬನ ಕಾರು ಡಿಕ್ಕಿ ಹೊಡೆದು ಒಬ್ಬ ಹೆಂಗಸು ಸತ್ತಳು. ಜನ ಸೇರಿದರು. ಸುಮಾರು ಅರ್ಧ ಗಂಟೆ ಕಳೆದು ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದದ್ದು ತಾಂಜಾನಿಯಾದ ವಿದ್ಯಾರ್ಥಿನಿ ಮತ್ತು ಅವಳ ಗೆಳೆಯರು. ಆ ಅಪಘಾತಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ, ದೇಶವೂ ಒಂದಲ್ಲ. ಗುಂಪು ಅವರನ್ನು ಹೊಡೆಯಿತು, ಆ ಹುಡುಗಿಯ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಅಂತ ಆಗಿನ ಗೃಹ ಸಚಿವರು ಹೇಳಿದರು. ಬೇರೊಬ್ಬ ಮಾಡಿದ್ದಕ್ಕೆ, ಅವನ ಹಾಗೆ ಕಾಣುತ್ತಾಳೆ ಅನ್ನುವ ಒಂದೇ ಕಾರಣಕ್ಕೆ ಒಬ್ಬ ಹುಡುಗಿಯನ್ನು ಹೊಡೆಯುವುದು ಜನಾಂಗ ನೋಡಿ ಮಾಡಿದ್ದಲ್ಲವಾದರೆ ಇನ್ನು ಯಾವುದು?

ನೀನು ಆಗ ಹತ್ತು ವರ್ಷದವಳು. ಮರುದಿನಗಳಲ್ಲಿ ಶಾಲೆಯ ಸ್ಟಾಫ್ ರೂಮಿನಲ್ಲಿ ಪತ್ರಿಕೆ ಹಿಡಿದು ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ಒಬ್ಬರು ನನ್ನ ಕಡೆ ತಿರುಗಿ, ‘ನಿಮಗೇನೂ ತೊಂದರೆ ಇಲ್ಲ ಅಲ್ವಾ ಟೀಚರ್?’ ಅಂದರು. ಕಾಳಜಿಯಿಂದಲೇ ಕೇಳಿದ್ದರು. ನಾನು ತಕ್ಷಣ ಹೇಳಿದೆ: ‘ಛೇ, ಅವರೇ ಬೇರೆ, ನಾವೇ ಬೇರೆ.’ ಹೇಳಿದ ಮೇಲೆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಆ ಗುಂಪು ಎದುರಿಗೆ ಬಂದಿದ್ದರೆ ನನಗೆ ‘ನಾನು ಬೇರೆ’ ಅಂತ ಹೇಳುವಷ್ಟು ಪುರುಸೊತ್ತು ಕೊಡುತ್ತಿತ್ತಾ? ಕತ್ತಲಲ್ಲಿ ಯಾರು ಯಲ್ಲಾಪುರ, ಯಾರು ತಾಂಜಾನಿಯಾ ಅಂತ ಕೇಳಿ ಹೊಡೆಯುತ್ತಾರಾ? ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು. ಹೊಡೆಯುವುದಾದರೆ ಅವಳನ್ನು ಹೊಡೆಯಿರಿ, ನನ್ನನ್ನು ಬಿಡಿ ಅಂದ ಹಾಗಾಯಿತಲ್ಲ ನನ್ನ ಮಾತು.

ನಮ್ಮ ಹಿರಿಯರು ಇಲ್ಲಿಗೆ ಹೇಗೆ ಬಂದರು ಅನ್ನುವುದು ನಿನಗೆ ಗೊತ್ತಿರುವ ಕತೆಯೇ. ಗೋವೆಯನ್ನು 1510ರಲ್ಲಿ ಹಿಡಿದ ಪೋರ್ಚುಗೀಸರು ಮೊಜಾಂಬಿಕ್ ಮತ್ತು ಪೂರ್ವ ಆಫ್ರಿಕಾದ ಕರಾವಳಿಯಿಂದ ಜನರನ್ನು ಹಡಗಿನಲ್ಲಿ ತುಂಬಿ ತಂದು ಮಾರಿದರು. ಹಾಗೆ ಬಂದವರಲ್ಲಿ ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ ಅಂತ ಚದುರಿದರು. ಕೆಲವರು ಹಿಂದೂಗಳಾದರು, ಕೆಲವರು ಕ್ರಿಶ್ಚಿಯನ್ನರಾದರು, ಕೆಲವರು ಮುಸ್ಲಿಮರಾದರು, ಹೆಸರಿನ ಕೊನೆಯ ಸಿದ್ದಿ ಮಾತ್ರ ಎಲ್ಲರಲ್ಲೂ ಉಳಿಯಿತು. ಹಿರಿಯರ ಪೂಜೆಯ ದಿನ ನಾವು ಎಡೆ ಇಡುವುದು ಯಾರಿಗೆ ಅಂತ ನೀನು ಚಿಕ್ಕವಳಿದ್ದಾಗ ಕೇಳಿದ್ದೆ. ಹೆಸರು ಗೊತ್ತಿಲ್ಲದ ಆ ಹಡಗಿನವರೂ ಅದರಲ್ಲಿ ಇದ್ದಾರೆ ಮಗಾ. ಅವರು ಆಫ್ರಿಕಾದವರು.

ನಾನು ತರಗತಿಯಲ್ಲಿ ಮಕ್ಕಳಿಗೆ ಮಲಿಕ್ ಅಂಬರನ ಕತೆ ಹೇಳುತ್ತೇನೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ರಾಜ್ಯವನ್ನೇ ನಡೆಸಿ, ಜಹಾಂಗೀರನ ಸೈನ್ಯವನ್ನು ವರ್ಷಗಟ್ಟಲೆ ತಡೆದು, 1626ರಲ್ಲಿ ತೀರಿಕೊಂಡವನು. ನಮ್ಮ ವಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲೂ ಇಖ್ಲಾಸ್ ಖಾನ್ ಎಂಬ ಹಬ್ಶಿ, ಅಂದರೆ ಆಫ್ರಿಕಾ ಮೂಲದ ಮಂತ್ರಿಯಿದ್ದ. ಕತೆ ಕೇಳಿದ ಸಿದ್ದಿ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ. ಆದರೂ ಆ ಕತೆ ಮುಗಿದಾಗೆಲ್ಲ ನನಗೆ ಅಜ್ಜಿ ನೆನಪಾಗುತ್ತಾಳೆ. ಅವಳು ಯಾವ ಯುದ್ಧವನ್ನೂ ಗೆದ್ದವಳಲ್ಲ. ಒಡೇರ ತೋಟದಲ್ಲಿ ಸೊಪ್ಪು ಹೊತ್ತಳು, ಅಡಿಕೆ ಸುಲಿದಳು. ಮಧ್ಯಾಹ್ನದ ಚಹಾ ಅವಳಿಗೆ ಸಿಗುತ್ತಿದ್ದದ್ದು ಅಂಗಳದ ಮೂಲೆಯಲ್ಲಿ, ತೆಂಗಿನ ಗರಟೆಯಲ್ಲಿ, ಮೇಲಿನಿಂದ ಹೊಯ್ದು. ಕುಡಿದ ಮೇಲೆ ಆ ಗರಟೆಯನ್ನು ತೊಳೆದು ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿ ಬರಬೇಕು. ನಾನು ಅವಳ ಜೊತೆ ಹೋದಾಗ ಅಲ್ಲಿ ಒಂದು ಸಣ್ಣ ಗರಟೆಯೂ ಇತ್ತು. ಅದು ನನ್ನದು.

ಅದಕ್ಕೇ ಹೇಳುವುದು, ಆ ಪೀಜಿ ಹೆಂಗಸು ನಿನಗೆ ತೆರೆದದ್ದು ಮೊದಲ ಬಾಗಿಲು. ಸ್ವಲ್ಪ ದಿನ ಕಳೆದ ಮೇಲೆ, ‘ಸಿದ್ದಿ ಅಂದ್ರೆ ಯಾವ ಜಾತಿ?’ ಅಂತ ಕೇಳಿಯೇ ಕೇಳುತ್ತಾಳೆ. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ವಿಶ್ವಸಂಸ್ಥೆ ಜನಾಂಗಭೇದದ ಬಗ್ಗೆ ದೊಡ್ಡ ಸಮ್ಮೇಳನ ನಡೆಸಿತ್ತು. ಜಾತಿಯನ್ನೂ ಅಲ್ಲಿ ಚರ್ಚಿಸಬೇಕು ಅಂತ ದಲಿತ ಸಂಘಟನೆಗಳು ಹೇಳಿದವು. ಜಾತಿ ಬೇರೆ, ಜನಾಂಗ ಬೇರೆ, ಅದು ನಮ್ಮ ಒಳಗಿನ ವಿಷಯ ಅಂತ ಭಾರತ ಸರ್ಕಾರ ವಾದಿಸಿತು. ದೊಡ್ಡವರ ಆ ವಾದದಲ್ಲಿ ಯಾವುದು ಸರಿ ಅಂತ ತೀರ್ಮಾನಿಸಲು ನಮ್ಮ ಮನೆಗೆ ಯಾರೂ ಬರಲಿಲ್ಲ. ಬಂದಿದ್ದರೆ ಅಜ್ಜಿ ತೋರಿಸುತ್ತಿದ್ದಳು. ಅವಳ ಗರಟೆಗೆ ಕಾರಣ ಜಾತಿ, ಸಂತೆಯಲ್ಲಿ ಹುಡುಗರು ಅವಳ ಕೂದಲು ಎಳೆದು ಓಡುತ್ತಿದ್ದದ್ದಕ್ಕೆ ಕಾರಣ ಜನಾಂಗ. ಎರಡೂ ಒಂದೇ ಮೈ ಮೇಲೆ ಬೀಳುತ್ತಿದ್ದವು.

ಕೂದಲು ಅಂದ ಕೂಡಲೇ ಇನ್ನೊಂದು ಹೇಳಬೇಕು. ನೀನು ಎರಡನೇ ತರಗತಿಯಲ್ಲಿದ್ದಾಗ ದಿನಾ ಬೆಳಿಗ್ಗೆ ಎಣ್ಣೆ ಸುರಿದು, ಬಾಚಣಿಗೆ ಮುರಿಯುವ ಹಾಗೆ ಬಾಚಿ, ಕಣ್ಣು ಎಳೆದುಕೊಳ್ಳುವಷ್ಟು ಬಿಗಿಯಾಗಿ ಕಟ್ಟುತ್ತಿದ್ದೆ. ನೀನು ಅಳುತ್ತಿದ್ದೆ. ಬೆಳ್ಳಗಾಗುವ ಕ್ರೀಮನ್ನೂ ಒಂದು ವರ್ಷ ಹಚ್ಚಿದೆ. ಹುಡುಗರು ನಿನ್ನನ್ನು ಆಡಿಕೊಳ್ಳಬಾರದು ಅಂತ ಮಾಡಿದ್ದು. ಆದರೆ ಆಡಿಕೊಳ್ಳುವವರ ಬಾಯಿ ಮುಚ್ಚಿಸುವ ಬದಲು ನಿನ್ನ ತಲೆಯನ್ನು ತಿದ್ದಲು ಹೋದೆ. ಅದಕ್ಕೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ದೆಹಲಿಯ ಲಾಜಪತ್ ನಗರದಲ್ಲಿ 2014ರ ಜನವರಿಯಲ್ಲಿ ಅರುಣಾಚಲದ ನೀಡೊ ತಾನಿಯಾ ಅನ್ನುವ ಹುಡುಗ ಹೊಡೆತ ತಿಂದು ಸತ್ತ. ಜಗಳ ಶುರುವಾದದ್ದು ಅಂಗಡಿಯವರು ಅವನ ಕೂದಲನ್ನು ಆಡಿಕೊಂಡಿದ್ದರಿಂದ. ನಿನ್ನ ತರಗತಿಯ ಮಣಿಪುರದ ಹುಡುಗಿಯನ್ನು ಹುಡುಗರು ‘ಚಿಂಕಿ’ ಅನ್ನುತ್ತಾರೆ, ಅವಳು ನಕ್ಕು ಸುಮ್ಮನಾಗುತ್ತಾಳೆ ಅಂತ ಬರೆದಿದ್ದೆಯಲ್ಲ, ಆ ನಗುವನ್ನು ನಂಬಬೇಡ. 2012ರ ಆಗಸ್ಟಿನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಪ್ರತಿದಿನ ನಕ್ಕು ಸುಮ್ಮನಾಗುವವರು ಒಂದು ದಿನ ಹಾಗೆ ರೈಲು ಹತ್ತುತ್ತಾರೆ.

ನಿನ್ನನ್ನು ಹೊಗಳುವವರೂ ಸಿಗುತ್ತಾರೆ. ‘ನಿಮ್ಮವರು ಓಟದಲ್ಲಿ ಮುಂದು, ಅದು ರಕ್ತದಲ್ಲೇ ಇರುತ್ತೆ’ ಅಂತ ನಿನ್ನ ಕಾಲೇಜಿನಲ್ಲೂ ಹೇಳಿದರಂತಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ನಮ್ಮ ಹಾಡಿಗಳಿಂದ ಮಕ್ಕಳನ್ನು ಆರಿಸಿಕೊಂಡು ಹೋಯಿತು. ಕಮಲಾ ಸಿದ್ದಿಯಂಥ ಒಳ್ಳೆಯ ಅಥ್ಲೀಟುಗಳು ಬಂದರು, ನಮಗೆಲ್ಲ ಹೆಮ್ಮೆ. ಕೆಲವೇ ವರ್ಷಗಳಲ್ಲಿ ಸಿದ್ದಿ ಮಕ್ಕಳ ಆ ತರಬೇತಿ ನಿಂತಿತು. ಓಡಬೇಕು ಅನ್ನಿಸಿದರೆ ಓಡು. ಆದರೆ ನಮ್ಮ ಕಾಲು ನೋಡಿ ಖುಷಿಪಡುವವರು ನಮ್ಮ ಅಂಕಪಟ್ಟಿಯನ್ನೂ ಕೇಳಲಿ. ನೀನು ಅಕೌಂಟ್ಸ್ ಓದಲು ಹೋದವಳು, ಅದನ್ನು ಯಾರೂ ಮರೆಸದ ಹಾಗೆ ನೋಡಿಕೋ.

ನಿನ್ನ ಬ್ಯಾಗಿನಲ್ಲಿರುವ ಆ ಪ್ರಮಾಣಪತ್ರ ಸುಮ್ಮನೆ ಬಂದದ್ದಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ, ನಮ್ಮವರು ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿದ ಮೇಲೆ. ಕಲಘಟಗಿ ಕಡೆ ಮದುವೆಯಾಗಿ ಹೋದ ನಿನ್ನ ಚಿಕ್ಕವ್ವನ ಮಕ್ಕಳಿಗೆ ಅದು ಸಿಗಲಿಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು 2020ರ ತನಕ ಕಾಯಬೇಕಾಯಿತು. ಅದೇ ಬಣ್ಣ, ಅದೇ ಡಮಾಮಿ ಕುಣಿತ, ನಡುವೆ ಜಿಲ್ಲೆಯ ಗಡಿ ಒಂದೇ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ನಮ್ಮ ಹಾಡಿಯಲ್ಲಿ ಹೇಗೆ ಡಮಾಮಿ ಬಾರಿಸಿದರು, ನೀನೇ ನೋಡಿದ್ದೀಯ. ಯಾರಾದರೂ ಜಾತಿ ಹಿಡಿದು ನಿನ್ನನ್ನು ಅವಮಾನ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಠಾಣೆಗೆ ಹೋಗಬಹುದು. ಸುಲಭ ಅಂತ ಹೇಳುತ್ತಿಲ್ಲ, ಆದರೆ ದಾರಿ ಇದೆ. ಮೆಟ್ಟಿಲ ಮೇಲಿದ್ದ ಹುಡುಗಿಗೆ ಆ ಕಾಯ್ದೆಯ ಆಸರೆ ಇಲ್ಲ. ಕನ್ನಡ ಇಲ್ಲ, ಗುಡ್ಡ ಹತ್ತಿ ಫೋನ್ ಎತ್ತುವ ಅವ್ವ ಹತ್ತಿರದಲ್ಲಿಲ್ಲ. ನಿನಗೆ ಸಿಕ್ಕಿದ ಕಾಫಿ ಅವಳಿಗೆ ಸಿಗದೇ ಇರುವುದಕ್ಕೆ ಅವಳು ಮಾಡಿದ್ದೇನು?

ಈಗ ಏನು ಮಾಡು ಅಂತ ಹೇಳಲಿ? ನೀನು ಅಲ್ಲಿ ಒಬ್ಬಳೇ ಇದ್ದೀಯ, ರಾತ್ರಿ ಹೊತ್ತು ನಿನ್ನನ್ನು ಹೊರಗೆ ಹಾಕಿದರೆ ಅನ್ನುವ ಭಯ ನನಗೂ ಇದೆ. ಅದಕ್ಕೇ ನಾಲ್ಕು ದಿನ ತಡಮಾಡಿದೆ. ಕೊನೆಗೆ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಆ ಹುಡುಗಿ ನಮ್ಮವಳೇ ಆಗಿದ್ದರೆ?’ ಅಂದರು. ಆಮೇಲೆ ಎದ್ದು ಕೊಟ್ಟಿಗೆಗೆ ಹೋದರು.

ಹಗಲು ಹೊತ್ತಿನಲ್ಲಿ, ಆ ಹೆಂಗಸು ಸಮಾಧಾನವಾಗಿ ಇರುವಾಗ ಹೋಗಿ ಮಾತಾಡು. ಜಗಳ ಬೇಡ. ‘ಅಕ್ಕಾ, ಅವತ್ತು ನನ್ನ ಹಿಂದೆ ಇದ್ದ ಹುಡುಗಿಯನ್ನು ನೀವು ಒಂದು ಮಾತೂ ಕೇಳದೆ ಕಳಿಸಿದಿರಿ. ನನ್ನ ಹಿರಿಯರೂ ಆಫ್ರಿಕಾದಿಂದ ಬಂದವರೇ’ ಅನ್ನು. ಅವಳು ಏನನ್ನುತ್ತಾಳೆ ಅಂತ ಕೇಳಿಸಿಕೊಂಡು ಬಾ. ಅವಳಿಗೂ ಯಾರಾದರೂ ಏನಾದರೂ ಹೆದರಿಸಿರಬಹುದು, ಬೀದಿಯವರು ಬಾಯಿಗೆ ಬಂದಂತೆ ಮಾತಾಡಿರಬಹುದು. ಈ ಮಾತು ಕೇಳಿದ ಮೇಲೆ ನಿನ್ನನ್ನೂ ಬಿಡು ಅಂದರೆ ಬಿಡು. ಅಡ್ವಾನ್ಸ್ ವಾಪಸ್ ಕೇಳು, ಕೊಡದಿದ್ದರೂ ಪರವಾಗಿಲ್ಲ. ಈ ಸಲ ಅಡಿಕೆ ಸುಲಿದ ಹಣ ಇನ್ನೂ ಖರ್ಚಾಗಿಲ್ಲ, ಎರಡು ತಿಂಗಳ ಬಾಡಿಗೆಗೆ ಸಾಕಾಗುತ್ತದೆ. ಬೇರೆ ಕಡೆ ಸಿಗುವ ತನಕ ಹಾಸ್ಟೆಲಿನಲ್ಲಿರುವ ನಮ್ಮ ಮುಂಡಗೋಡದ ಹುಡುಗಿಯ ಜೊತೆ ಇರು, ಅವಳ ಅವ್ವನ ಹತ್ತಿರ ನಿನ್ನೆ ಮಾತಾಡಿದ್ದೇನೆ.

ಆ ಕಾಂಗೋದ ಹುಡುಗಿ ನಿಮ್ಮ ಕಾಲೇಜಿನವಳೇ ಇದ್ದರೂ ಇರಬಹುದು. ಕ್ಯಾಂಟೀನಿನಲ್ಲಿ ನೋಡು. ಸಿಕ್ಕರೆ ಮೊದಲು ಅವಳ ಹೆಸರು ಕೇಳಿ ನನಗೆ ಹೇಳು. ಹೆಸರು ಗೊತ್ತಿಲ್ಲದೆ ‘ಆ ಹುಡುಗಿ’, ‘ಆ ಹುಡುಗಿ’ ಅಂತ ಇಷ್ಟುದ್ದ ಬರೆದದ್ದಕ್ಕೆ ನನಗೇ ಕಸಿವಿಸಿಯಾಗಿದೆ.

ಅಜ್ಜಿಯ ಹಳೇ ಸೀರೆಗಳಿಂದ ಹೊಲಿದ ಕೌದಿಯನ್ನು ಶುಕ್ರವಾರದ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ನಾಲ್ಕು ಮೂಲೆಗೂ ಹೂವು ಇಟ್ಟಿದ್ದೇನೆ. ಜೊತೆಗೆ ಒಂದು ಬಾಟಲಿ ಜೇನು ಇದೆ, ಮುಚ್ಚಳ ಬಿಗಿ ಮಾಡಿ ಪ್ಲಾಸ್ಟಿಕ್ ಸುತ್ತಿದ್ದೇನೆ, ನಿಲ್ಲಿಸಿ ಇಡು. ಭಾನುವಾರ ಸಂಜೆ ಐದಕ್ಕೆ ಬಂಡೆಯ ಹತ್ತಿರ ಇರುತ್ತೇನೆ. ಫೋನ್ ಮಾಡು.

ನಿನ್ನ
ಅವ್ವ