ಅಕ್ಷರ ಸರಿಯಿತ್ತು, ಎಣಿಕೆ ತಪ್ಪಿತ್ತು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕ್ಯಾನ್ಸರ್ ಕುರಿತು ಬಂದ ಲೇಖನ ಓದಿದೆ. ಬರೆದವರ ಶ್ರಮ ಕಾಣುತ್ತದೆ, ಭಾಷೆ ತಿಳಿಯಾಗಿದೆ, ಓದುಗರನ್ನು ಹೆದರಿಸುವ ಚಟವೂ ಅವರಿಗಿಲ್ಲ. ಆದರೆ 'ಕ್ಯಾನ್ಸರ್ ಎಂದರೆ ವಂಶವಾಹಿಯಲ್ಲಿ ನುಸುಳಿದ ಒಂದಕ್ಷರದ ತಪ್ಪು' ಎಂಬ ಸಾಲನ್ನು ದಪ್ಪಕ್ಷರದಲ್ಲಿ, ಸುತ್ತ ಚೌಕಟ್ಟು ಹಾಕಿ ಅಚ್ಚು ಮಾಡಿದ್ದೀರಲ್ಲ, ಅದೊಂದು ಸಾಲಿನಿಂದಾಗಿ ಆ ಬೆಳಗ್ಗೆಯೆಲ್ಲ ನಾನು ಫೋನ್ ಕೆಳಗಿಡಲಾಗಲಿಲ್ಲ.

ಮೊದಲು ಫೋನ್ ಮಾಡಿದವಳು ನನ್ನ ತಂಗಿ. ಎರಡು ವರ್ಷದ ಹಿಂದೆ ಅವಳಿಗೆ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಚಿಕಿತ್ಸೆ ಮುಗಿದಿದೆ. "ಅಕ್ಕ, ನನ್ನ ರಕ್ತ ಪರೀಕ್ಷೆಯಲ್ಲಿ ಮ್ಯುಟೇಶನ್ ಇಲ್ಲ ಅಂತ ಬರೆದಿದ್ರಲ್ಲ. ಅಕ್ಷರದ ತಪ್ಪೇ ಇಲ್ಲ ಅಂದ್ಮೇಲೆ ಕ್ಯಾನ್ಸರ್ ಹೇಗೆ ಬಂತು? ಆ ರಿಪೋರ್ಟೇ ಸುಳ್ಳಾ?" ಎಂದಳು. ಅವಳನ್ನು ಸಮಾಧಾನ ಮಾಡಿ ಮುಗಿಸುವಷ್ಟರಲ್ಲಿ ಅಮ್ಮನ ಫೋನ್. ಅವರು ಓದಿದ್ದು ಚೌಕಟ್ಟಿನೊಳಗಿನ ಸಾಲು ಮಾತ್ರ. "ವಂಶವಾಹಿ ಅಂತ ಬರೆದಿದ್ದಾರೆ ನೋಡು. ಅಂದ್ರೆ ನನ್ನಿಂದಲೇ ಅವಳಿಗೆ ಹೋಗಿದ್ದು" ಎಂದು ಸುಮ್ಮನಾದರು. ಅಮ್ಮ ಸುಮ್ಮನಾದರೆ ನನಗೆ ಭಯ.

ನಾನು ಡಾಕ್ಟರಲ್ಲ. 31 ವರ್ಷ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು, ಜೀನುಗಳನ್ನು ಹೊತ್ತಿರುವ ವರ್ಣತಂತು (ಕ್ರೋಮೋಸೋಮ್) ಎಣಿಸಿದವಳು. ಯಾರಿಗೆ ಯಾವ ಔಷಧಿ ಎಂದು ಹೇಳುವ ಅಧಿಕಾರ ನನಗಿಲ್ಲ, ಎಣಿಕೆಯ ವಿಷಯಕ್ಕೆ ಬಂದರೆ ಮಾತ್ರ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ಆ ಸಾಲು ಪೂರ್ತಿ ಸುಳ್ಳೇನಲ್ಲ. 1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶಗಳಲ್ಲಿದ್ದ ರಾಸ್ ಎಂಬ ಜೀನನ್ನು ಆರೋಗ್ಯವಂತ ಕೋಶದ ರಾಸ್ ಪಕ್ಕದಲ್ಲಿಟ್ಟು ಓದಿದಾಗ ಸಿಕ್ಕ ವ್ಯತ್ಯಾಸ ಒಂದೇ ಒಂದು ಅಕ್ಷರ. ಜೀನು, ಅಂದರೆ ವಂಶವಾಹಿ, ಡಿಎನ್‌ಎಯ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಪಾಠ. 'ಜಿ' ಇರಬೇಕಾದಲ್ಲಿ 'ಟಿ'. ಅಷ್ಟಕ್ಕೇ ಆ ಜೀನು ಮಾಡಿಸುವ ಪ್ರೋಟೀನಿನ 12ನೇ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಹೋಗಿ ವ್ಯಾಲಿನ್ ಕೂತುಬಿಟ್ಟಿತ್ತು. ರಾಸ್ ಒಂದು ಸ್ವಿಚ್ಚಿದ್ದ ಹಾಗೆ. ಬೆಳೆಯುವ ಸಂದೇಶ ಬಂದಾಗ ಹೊತ್ತಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ತಾನೇ ಆರಬೇಕು. ಆ ಒಂದಕ್ಷರದಿಂದ ಅದು ಆರುವುದನ್ನೇ ಮರೆಯಿತು. 'ಬೇಡ' ಎಂಬುದಕ್ಕೆ ಒಂದು ಕೊಂಬು ಬಿದ್ದು 'ಬೇಡು' ಆದ ಹಾಗೆ. ಇಂಥ ತಪ್ಪುಗಳನ್ನು ನಿಮ್ಮ ಲೇಖಕರು ಚೆನ್ನಾಗಿಯೇ ವಿವರಿಸಿದ್ದಾರೆ.

ಅವರು ಬಿಟ್ಟದ್ದು ಇನ್ನೊಂದು ಬಗೆಯ ತಪ್ಪನ್ನು. ಪುಸ್ತಕದಲ್ಲಿ ಒಂದಕ್ಷರವೂ ತಪ್ಪಿಲ್ಲ, ಆದರೆ ಹೊಲಿಯುವಾಗ ಒಂದೇ ಪುಟ ಹತ್ತು ಸಲ ಸೇರಿಬಿಟ್ಟಿದೆ. ಅಥವಾ ಒಂದು ಅಧ್ಯಾಯವೇ ಬಿಟ್ಟುಹೋಗಿದೆ. ಕರಡು ತಿದ್ದುವವರು ಎಷ್ಟು ಕಣ್ಣಿಟ್ಟು ನೋಡಿದರೂ ಕಾಗುಣಿತದ ತಪ್ಪು ಸಿಗುವುದಿಲ್ಲ, ಪುಟ ಎಣಿಸಿದವರಿಗಷ್ಟೇ ಗೊತ್ತಾಗುತ್ತದೆ. ನಮ್ಮ ಪ್ರತಿ ಕೋಶದಲ್ಲಿ 46 ವರ್ಣತಂತುಗಳಿವೆ, ಅಮ್ಮನಿಂದ 23, ಅಪ್ಪನಿಂದ 23. ಹಾಗಾಗಿ ಬಹುತೇಕ ಎಲ್ಲ ಜೀನಿಗೂ ಎರಡೆರಡು ಪ್ರತಿ. ಈ ಎರಡು ಎಂಬ ಲೆಕ್ಕ ಕ್ಯಾನ್ಸರ್ ಕೋಶಗಳಲ್ಲಿ ಉಳಿಯುವುದೇ ಅಪರೂಪ. ಘನ ಗಡ್ಡೆಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ವರ್ಣತಂತುಗಳ ಸಂಖ್ಯೆ ಏರುಪೇರಾಗಿರುತ್ತದೆ. 1914ರಲ್ಲೇ ಜರ್ಮನಿಯ ಜೀವವಿಜ್ಞಾನಿ ಥಿಯೋಡೋರ್ ಬೋವೆರಿ, ಕಡಲಕಂಟಕ ಎಂಬ ಸಮುದ್ರಜೀವಿಯ ಮೊಟ್ಟೆಗಳನ್ನು ನೋಡಿ ನೋಡಿ, ಗಡ್ಡೆಗೆ ಮೂಲ ವರ್ಣತಂತುಗಳ ಲೆಕ್ಕ ತಪ್ಪುವುದೇ ಇರಬೇಕು ಎಂದು ಬರೆದರು. ಡಿಎನ್‌ಎ ಅಕ್ಷರಗಳ ಸುದ್ದಿಯೇ ಇಲ್ಲದ ಕಾಲ ಅದು. ನೋಡಿ, ಎಣಿಕೆಯ ತಪ್ಪು ಅಕ್ಷರದ ತಪ್ಪಿಗಿಂತ ಮೊದಲೇ ಕಣ್ಣಿಗೆ ಬಿದ್ದಿತ್ತು. ಆದರೂ ಪತ್ರಿಕೆಗಳಲ್ಲಿ ಅದಕ್ಕೆ ಜಾಗವಿಲ್ಲ!

ತಂಗಿಯ ವಿಷಯಕ್ಕೆ ಬರುತ್ತೇನೆ, ಅವಳ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಅವಳ ರಕ್ತದಲ್ಲಿ ನೋಡಿದ್ದು, ಕೆಟ್ಟರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ 1 ಮತ್ತು 2 ಎಂಬ ಜೀನುಗಳನ್ನು. ಹುಟ್ಟುವಾಗಲೇ ತಂದ ತಪ್ಪೇನಾದರೂ ಅವುಗಳಲ್ಲಿ ಇದೆಯೇ ಎಂಬುದು ಆ ಪರೀಕ್ಷೆಯ ಪ್ರಶ್ನೆ. ಇಲ್ಲ ಎಂದು ಬಂತು. ಗಡ್ಡೆಯೊಳಗೆ ಏನಾಗಿದೆ ಎಂದು ಆ ರಕ್ತವನ್ನು ಯಾರೂ ಕೇಳಿಯೇ ಇರಲಿಲ್ಲ. ಅದನ್ನು ಕೇಳಿದ್ದು ಗಡ್ಡೆಯ ತುಣುಕನ್ನು. ಅದರಲ್ಲಿ ಹರ್-2 ಎಂಬ ಪ್ರೋಟೀನು ಎಷ್ಟಿದೆ ಎಂದು ಮೊದಲು ಬಣ್ಣ ಹಾಕಿ ನೋಡುತ್ತಾರೆ, ಸೊನ್ನೆಯಿಂದ 3+ ವರೆಗೆ ಅಂಕ ಕೊಡುತ್ತಾರೆ. ಅವಳದು 2+ ಬಂತು. 2+ ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಆಗ ಫಿಶ್ ಪರೀಕ್ಷೆ, ಜೀನಿನ ಪ್ರತಿಗಳನ್ನು ಹೊಳೆಯುವ ಬಣ್ಣದ ಚುಕ್ಕೆಗಳಾಗಿ ಎಣಿಸುವುದು.

ಇದು ನನ್ನ ಕತ್ತಲೆ ಕೋಣೆಯ ಕೆಲಸ. ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ, ಅದಕ್ಕೇ ದೀಪ ಆರಿಸಿ ಕೂರುವುದು. ಆ ಪ್ರೋಟೀನನ್ನು ಮಾಡಿಸುವ ಹರ್-2 ಜೀನಿಗೆ ಮಾತ್ರ ಹೋಗಿ ಅಂಟುವ ಕೆಂಪು ಬಣ್ಣ, ಆ ಜೀನು ಕೂತಿರುವ 17ನೇ ವರ್ಣತಂತುವಿನ ನಡುವಿಗೆ ಅಂಟುವ ಹಸಿರು ಬಣ್ಣ. ನೀಲಿ ಕೋಶಕೇಂದ್ರದೊಳಗೆ ಎರಡು ಕೆಂಪು ಚುಕ್ಕೆ, ಎರಡು ಹಸಿರು ಚುಕ್ಕೆ ಕಂಡರೆ ಎಲ್ಲ ನೆಟ್ಟಗಿದೆ ಎಂದರ್ಥ. ಹಸಿರು ಯಾಕೆ ಬೇಕು ಎಂದು ಹೊಸ ಹುಡುಗಿಯರು ಕೇಳುತ್ತಿದ್ದರು. ಇಡೀ ವರ್ಣತಂತುವೇ ಹೆಚ್ಚಾಗಿದ್ದರೆ ಕೆಂಪು ಹಸಿರು ಎರಡೂ ಒಟ್ಟಿಗೆ ಏರುತ್ತವೆ, ಜೀನು ಮಾತ್ರ ಮೊಳೆತು ಮೊಳೆತು ಹೆಚ್ಚಾಗಿದ್ದರೆ ಕೆಂಪು ಒಂದೇ ಏರುತ್ತದೆ. ಕನಿಷ್ಠ 20 ಕೋಶ ಎಣಿಸಬೇಕು. ಕೆಂಪನ್ನು ಹಸಿರಿನಿಂದ ಭಾಗಿಸಿದರೆ 2 ಅಥವಾ ಅದಕ್ಕಿಂತ ಹೆಚ್ಚು, ಕೋಶವೊಂದಕ್ಕೆ ಕೆಂಪು ಸರಾಸರಿ 4 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಪಾಸಿಟಿವ್. ತಂಗಿಯ ಸ್ಲೈಡ್ ಎಣಿಸಿದ್ದು ನಾನಲ್ಲ, ಅಷ್ಟರಲ್ಲಿ ನಿವೃತ್ತಿಯಾಗಿತ್ತು. ವರದಿಯ ಚಿತ್ರ ಫೋನಿಗೆ ಬಂತು. 20 ಕೋಶಕ್ಕೆ ಹಸಿರು 42, ಕೆಂಪು 186. ಭಾಗಿಸಿ ನೋಡಬೇಕಾಗಿಯೇ ಇರಲಿಲ್ಲ. ಎರಡು ಹಸಿರು ಚುಕ್ಕೆಗಳ ನಡುವೆ ಕೆಂಪು ಗೊಂಚಲು ಗೊಂಚಲಾಗಿ ಕೂತಿತ್ತು. ಎಷ್ಟೋ ಸಾವಿರ ಸ್ಲೈಡುಗಳಲ್ಲಿ ಅದನ್ನು ನೋಡಿದ್ದೇನೆ, ಚಂದ ಎಂದೂ ಅನ್ನಿಸಿದ್ದುಂಟು. ಆವತ್ತು ಅನ್ನಿಸಲಿಲ್ಲ.

ಹೇಳಬೇಕಾದ್ದು ಇಷ್ಟು. ಆ 186 ಕೆಂಪು ಚುಕ್ಕೆಗಳೂ ಸರಿಯಾದ ಕಾಗುಣಿತದ ಜೀನುಗಳೇ. ಪ್ರತಿಗಳು ಹೆಚ್ಚಾದ್ದರಿಂದ ಪ್ರೋಟೀನು ಹೆಚ್ಚಾಯಿತು, ಕೋಶದ ಮೈತುಂಬ 'ಬೆಳೆ' ಎಂಬ ಕರೆಗೆ ಓಗೊಡುವ ಕಿವಿಗಳೇ ಆದವು. ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 15ರಿಂದ 20 ಶೇಕಡಾ ಈ ಬಗೆಯವು. ಇದು ರೋಗ ಜೋರಾಗಿ ಹಬ್ಬುವುದರ ಗುರುತು ಎಂದು ಅಮೆರಿಕದ ಕ್ಯಾನ್ಸರ್ ತಜ್ಞ ಡೆನಿಸ್ ಸ್ಲೇಮನ್ ಅವರ ತಂಡ 1987ರಲ್ಲಿ ತೋರಿಸಿತು, ಆ ಕಿವಿಗಳನ್ನೇ ಮುಚ್ಚುವ ಟ್ರಾಸ್ಟುಜುಮಾಬ್ ಎಂಬ ಔಷಧಿಗೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ತಂಗಿಗೆ ಕೊಟ್ಟಿದ್ದು ಅದನ್ನೇ. ಬರೀ ಅಕ್ಷರ ಓದುವ ಪರೀಕ್ಷೆಯನ್ನೇ ನೆಚ್ಚಿಕೊಂಡಿದ್ದರೆ ಅವಳಿಗೆ ಅದು ಸಿಗುತ್ತಲೇ ಇರಲಿಲ್ಲ.

ಪ್ರತಿಗಳು ಕಳೆದುಹೋಗುವುದು ಇದಕ್ಕಿಂತ ಮೋಸದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ವರ್ಣತಂತುಗಳ ಫೋಟೊ ತೊಳೆದು, ಕತ್ತರಿಯಿಂದ ಒಂದೊಂದನ್ನೇ ಕತ್ತರಿಸಿ, ಜೋಡಿ ಮಾಡಿ ಹಾಳೆಗೆ ಅಂಟಿಸುತ್ತಿದ್ದೆವು. ಒಮ್ಮೆ ನನ್ನ ಹಾಳೆಯಲ್ಲಿ 45 ಬಂತು, 21ನೆಯದು ಒಂಟಿ. ದೊಡ್ಡದೊಂದು ಕಂಡುಹಿಡಿದೆ ಎಂದು ಓಡಿದೆ. ಹಿರಿಯರು ಕನ್ನಡಕದ ಮೇಲಿಂದ ನೋಡಿ, "ಮೊದಲು ನಿಮ್ಮ ತೋಳು ನೋಡಿಕೊಳ್ಳಿ" ಎಂದರು. 21ನೆಯದು ಎಲ್ಲಕ್ಕಿಂತ ಪುಟ್ಟದು, ಗೋಂದಿನ ಸಮೇತ ಮೊಣಕೈಗೆ ಅಂಟಿಕೊಂಡಿತ್ತು! ಗಡ್ಡೆಯ ಕೋಶದಲ್ಲಿ ಕಳೆದದ್ದು ಹಾಗೆ ಸಿಗುವುದಿಲ್ಲ.

ಕೆಲವು ಜೀನುಗಳು ಬ್ರೇಕಿನಂಥವು. ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಎರಡೂ ಹೋದರೆ ಮಾತ್ರ ಕೆಟ್ಟಿತು. ಮಕ್ಕಳ ಕಣ್ಣಿನ ಕ್ಯಾನ್ಸರ್ ರೆಟಿನೊಬ್ಲಾಸ್ಟೋಮಾದ 48 ಪ್ರಕರಣಗಳ ಕಾಗದಪತ್ರ ಇಟ್ಟುಕೊಂಡು, ಯಾವ ವಯಸ್ಸಿಗೆ ಬಂತು, ಒಂದು ಕಣ್ಣಿಗೋ ಎರಡೂ ಕಣ್ಣಿಗೋ ಎಂದು ಲೆಕ್ಕ ಹಾಕಿಯೇ ಅಮೆರಿಕದ ವೈದ್ಯ ಆಲ್ಫ್ರೆಡ್ ನುಡ್ಸನ್ ಇದನ್ನು 1971ರಲ್ಲಿ ಊಹಿಸಿದರು. ಆ ಜೀನು 13ನೇ ವರ್ಣತಂತುವಿನಲ್ಲಿದೆ ಎಂದು ಆಮೇಲೆ ಗೊತ್ತಾಯಿತು. ಮೊದಲ ಏಟು ಎಷ್ಟೋ ಸಲ ಅಕ್ಷರದ ತಪ್ಪು, ಎರಡನೆಯ ಏಟಿಗೆ ಆ ವರ್ಣತಂತುವಿನ ಆ ಭಾಗವೇ ಹಾರಿಹೋಗಿರುತ್ತದೆ. ಪಿ-53 ಎಂಬ ಕಾವಲಿನ ಜೀನು ಕೈಕೊಡುವುದೂ ಬಹಳ ಸಲ ಹೀಗೆಯೇ. ಒಂದು ಪ್ರತಿಯಲ್ಲಿ ತಪ್ಪಕ್ಷರ, ಇನ್ನೊಂದು ಪ್ರತಿ ನಾಪತ್ತೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಈ ಜೀನು ಕೆಟ್ಟಿರುತ್ತದೆ. ಎರಡು ಬಗೆಯ ತಪ್ಪುಗಳೂ ಒಂದಕ್ಕೊಂದು ಹೆಗಲು ಕೊಡುತ್ತವೆ ಎನ್ನುವುದು ನಿಮ್ಮ ಚೌಕಟ್ಟಿನ ಸಾಲಿನಲ್ಲಿ ಹಿಡಿಸುವುದಿಲ್ಲ.

ಪ್ರತಿಗಳು ಹೆಚ್ಚುವುದರ ಅತಿರೇಕ ನೋಡಬೇಕೆಂದರೆ ಪುಟ್ಟ ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮಾ ಎಂಬ ನರಕೋಶಗಳ ಕ್ಯಾನ್ಸರ್ ನೋಡಬೇಕು. ಕೆಲವು ಸ್ಲೈಡುಗಳಲ್ಲಿ ವರ್ಣತಂತುಗಳ ನಡುವೆ ಜೋಡಿ ಜೋಡಿ ಚುಕ್ಕೆಗಳು ಚೆಲ್ಲಿರುತ್ತವೆ. ಧೂಳು ಅಂತ ಬಿಟ್ಟುಬಿಡಬೇಡಿ ಎಂದು ಹಿರಿಯರು ಮೊದಲ ದಿನವೇ ಹೇಳಿದ್ದರು. ವರ್ಣತಂತುವಿನಿಂದ ಕಿತ್ತು ಹೊರಬಂದ ಡಿಎನ್‌ಎ ಉಂಗುರಗಳು ಅವು, ಒಂದೊಂದರಲ್ಲೂ ಎಂವೈಸಿಎನ್ ಎಂಬ ಜೀನಿನ ಪ್ರತಿ. ಕೋಶ ಒಡೆಯುವಾಗ ಎಳೆದು ಸಮನಾಗಿ ಹಂಚುವ ಸೆಂಟ್ರೊಮಿಯರ್ ಎಂಬ ಹಿಡಿ ಅವಕ್ಕಿಲ್ಲ. ಹಾಗಾಗಿ ಹಂಚಿಕೆ ಕುರುಡು, ಒಂದು ಮರಿಕೋಶಕ್ಕೆ ರಾಶಿ, ಇನ್ನೊಂದಕ್ಕೆ ಚೂರುಪಾರು. ರಾಶಿ ಸಿಕ್ಕಿದ್ದು ಬೇಗ ಬೆಳೆದು ಉಳಿದವನ್ನು ಹಿಂದೆ ಹಾಕುತ್ತದೆ. ಐದರಲ್ಲಿ ಒಂದರಷ್ಟು ನ್ಯೂರೋಬ್ಲಾಸ್ಟೋಮಾಗಳಲ್ಲಿ ಈ ಜೀನು ಹೀಗೆ ಹೆಚ್ಚಿರುತ್ತದೆ, ಅಂಥ ಮಗುವಿಗೆ ಕೊಡುವ ಚಿಕಿತ್ಸೆ ಹೆಚ್ಚು ಕಟುವಾಗಿರುತ್ತದೆ. ಆ ವರದಿಗಳನ್ನು ಟೈಪ್ ಮಾಡುವ ದಿನ ನಾನು ಯಾರ ಹತ್ತಿರವೂ ಹೆಚ್ಚು ಮಾತಾಡುತ್ತಿರಲಿಲ್ಲ.

ಹಾಗಂತ ಲೆಕ್ಕ ಹೆಚ್ಚಾದರೆ ಕೇಡೇ ಎಂದು ಬರೆದುಬಿಡಬೇಡಿ ಮತ್ತೆ. ಮಕ್ಕಳ ಲಿಂಫೋಬ್ಲಾಸ್ಟಿಕ್ ರಕ್ತ ಕ್ಯಾನ್ಸರಿನಲ್ಲಿ ವರ್ಣತಂತುಗಳು 50ರ ಮೇಲೆ ಕಂಡರೆ ನಮಗೆ ಒಳಗೊಳಗೇ ಸಮಾಧಾನ, ಆ ಮಕ್ಕಳು ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತಾರೆ. ಆನೆಯಂತೂ ಪಿ-53 ಜೀನನ್ನು 20 ಜೋಡಿ ಇಟ್ಟುಕೊಂಡಿದೆ, ನಮಗಿರುವುದು ಒಂದೇ ಜೋಡಿ. ಅಷ್ಟು ದೊಡ್ಡ ಮೈಗೆ ಕ್ಯಾನ್ಸರ್ ಯಾಕೆ ಕಡಿಮೆ ಎಂಬ ಪ್ರಶ್ನೆಗೆ ವಿಜ್ಞಾನಿಗಳು ತೋರಿಸುವ ಕಾರಣಗಳಲ್ಲಿ ಅದೂ ಒಂದು.

ಇನ್ನು ಅಮ್ಮನ ಮಾತು. ಇದರಲ್ಲಿ ಲೇಖಕರ ತಪ್ಪಿಗಿಂತ ನಮ್ಮ ಪದದ ತಪ್ಪೇ ಹೆಚ್ಚು. ಜೀನಿಗೆ ನಾವು 'ವಂಶವಾಹಿ' ಎಂದು ಹೆಸರಿಟ್ಟೆವು. ಪಾಠಕ್ಕೆ ಒಳ್ಳೆಯ ಪದ. ಆದರೆ 'ವಂಶವಾಹಿಯಲ್ಲಿ ದೋಷ' ಎಂದು ಓದಿದವರ ಕಿವಿಗೆ ಬೀಳುವುದು 'ವಂಶದಲ್ಲಿ ದೋಷ' ಎಂದೇ. ಕ್ಯಾನ್ಸರ್‌ಗಳಲ್ಲಿ ತಂದೆತಾಯಿಯಿಂದ ಬಂದ ತಪ್ಪಿನಿಂದ ಆಗುವಂಥವು 5ರಿಂದ 10 ಶೇಕಡಾ ಮಾತ್ರ. ಉಳಿದವುಗಳಲ್ಲಿ ಆ ತಪ್ಪು ಹುಟ್ಟಿದ್ದು ಆ ಗಡ್ಡೆ ಎದ್ದ ಜಾಗದಲ್ಲೇ, ಆ ಒಬ್ಬರ ಮೈಯಲ್ಲೇ, ಬದುಕಿನ ಮಧ್ಯದಲ್ಲಿ. ಕೋಶ ಒಂದು ಎರಡಾಗುವ ಪ್ರತಿಸಲವೂ ಅಮ್ಮ ಅಪ್ಪ ಕೊಟ್ಟ ಎರಡೂ ಪ್ರತಿ ಸೇರಿ 600 ಕೋಟಿ ಅಕ್ಷರ ನಕಲಾಗಬೇಕು, ಹಾಗೆ ನಕಲಾದ ವರ್ಣತಂತುಗಳು ಕೋಶಕ್ಕೆ 46ರಂತೆ ಎರಡು ಪಾಲಾಗಬೇಕು. ತಪ್ಪದೇ ಇರುವುದೇ ಆಶ್ಚರ್ಯ. ಮೇಲಿಂದ ನಾವು ಸೇರಿಸುವುದು ಬೇರೆ. ದಿನಕ್ಕೊಂದು ಪ್ಯಾಕಿನಂತೆ ಒಂದು ವರ್ಷ ಸಿಗರೇಟು ಸೇದಿದರೆ ಶ್ವಾಸಕೋಶದ ಪ್ರತಿ ಕೋಶದಲ್ಲೂ ಸರಾಸರಿ 150 ಹೊಸ ತಪ್ಪುಗಳು ಕೂರುತ್ತವೆ ಎಂಬ ಲೆಕ್ಕ 2016ರಲ್ಲಿ ಪ್ರಕಟವಾಗಿದೆ. ಇವು ಯಾವುವೂ ಮಕ್ಕಳಿಗೆ ಹೋಗುವುದಿಲ್ಲ, ಅಮ್ಮನಿಂದ ಬಂದವೂ ಅಲ್ಲ. ತಂಗಿಯ ಆ ಕೆಂಪು ಗೊಂಚಲು ಅವಳ ರಕ್ತದಲ್ಲಿಲ್ಲ, ಅವಳ ಮಗಳಲ್ಲಿ ಇಲ್ಲ, ನನ್ನಲ್ಲೂ ಇಲ್ಲ. ಅದು ಇದ್ದದ್ದು ಆ ಗಡ್ಡೆಯಲ್ಲಿ, ಅದನ್ನು ತೆಗೆದಾಯಿತು.

ಆದ್ದರಿಂದ ಒಂದೆರಡು ಕೋರಿಕೆ. ಹುಟ್ಟಿನಿಂದ ಬಂದ ತಪ್ಪಿನ ವಿಷಯವಾದರೆ ಹಾಗೆಂದೇ ಬಿಡಿಸಿ ಬರೆಯಿರಿ, ಗಡ್ಡೆಯಲ್ಲಿ ಮಾತ್ರ ಆದ ತಪ್ಪಿಗೆ 'ಗಡ್ಡೆಯ ಜೀನು' ಎನ್ನಿ, ನಷ್ಟವೇನಿಲ್ಲ. 'ಮ್ಯುಟೇಶನ್ ಇಲ್ಲ' ಎಂದು ವರದಿ ಬಂದವರಿಗೆ, ಯಾವ ಜೀನು, ರಕ್ತದಲ್ಲೋ ಗಡ್ಡೆಯಲ್ಲೋ, ಅಕ್ಷರ ನೋಡಿದ್ದೋ ಪ್ರತಿಗಳ ಲೆಕ್ಕವನ್ನೂ ನೋಡಿದ್ದೋ ಎಂದು ತಮ್ಮ ವೈದ್ಯರನ್ನು ಕೇಳಲು ಹೇಳಿ. ವಾರದಲ್ಲೊಂದು ದಿನ ಆ ಪುರವಣಿ ಓದುವವರಲ್ಲಿ ಇಂಥ ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಕೂತವರೂ ಇರುತ್ತಾರೆ.

ಚೌಕಟ್ಟಿನ ಸಾಲಿಗೆ ತಿದ್ದುಪಡಿ ಹಾಕುವ ಮನಸ್ಸು ಮಾಡಿದರೆ ದಯವಿಟ್ಟು ಒಳಪುಟದ ಮೂಲೆಯಲ್ಲಿ ಹಾಕಬೇಡಿ. ಅದೇ ದಪ್ಪಕ್ಷರ, ಅದೇ ಚೌಕಟ್ಟು ಇರಲಿ. ನಮ್ಮಮ್ಮ ಸಣ್ಣಕ್ಷರ ಓದುವುದಿಲ್ಲ.

ಇಂತಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ